ಮೇಲಾಚಾರ್ಯರ ಪಂಚಾಂಗ

“ಟ್ಯಾಕ್ಸಿ ಯಾಕ್ರೀ? ನಾನಿದ್ದೀನಲ್ಲ!”

ಮಾಲ್ಟಾ ವಿಮಾನ ನಿಲ್ದಾಣದ ಬಾಗಿಲು ದಾಟಿ ಜುಲೈ ತಿಂಗಳ ಬಿಸಿಲಿಗೆ ಮುಖ ಕೊಟ್ಟ ಕೂಡಲೇ ನನ್ನ ಕಿವಿಗೆ ಬಿದ್ದ ಮೊದಲ ಮಾತು ಇದು. ಆ ಒಂದು ಮಾತಿಗೆ ನಾನು ಸುರಿಸಿದ ಬೆವರನ್ನು ಹಿಡಿದಿಟ್ಟಿದ್ದರೆ, ಒಂದೂ ನದಿಯಿಲ್ಲದ ಈ ದ್ವೀಪಕ್ಕೆ ಸಣ್ಣದೊಂದು ತೊರೆಯನ್ನಾದರೂ ದಾನ ಮಾಡಬಹುದಿತ್ತು.

ಹೇಳಿದವರು ಚಿತ್ರದುರ್ಗದ ಕಡೆಯವರು. ನನ್ನ ಸೋದರಮಾವನ ಸಹೋದ್ಯೋಗಿಯ ಷಡ್ಡಕ ಎಂಬಷ್ಟು ಹತ್ತಿರದ ಸಂಬಂಧ. ಅವರ ನಿಜವಾದ ಕಸುಬು ಯಾವುದೋ ಕಚೇರಿಯ ಲೆಕ್ಕಪತ್ರ. ಆದರೆ ಅವರು ಮನಸಾರೆ ಮಾಡುವ ಉದ್ಯೋಗ ಬೇರೆ: ‘ಮುಂಚೆ ಬಂದವರು’ ಆಗಿರುವುದು. ಪರದೇಶದಲ್ಲಿ ಇದೊಂದು ಪೂರ್ಣಾವಧಿ ಹುದ್ದೆ. ನಿಮಗಿಂತ ನಾಲ್ಕು ವರ್ಷ ಮೊದಲು ಇಳಿದಿರಬೇಕು, ಅಷ್ಟೇ ಅರ್ಹತೆ. ಸಂಬಳವಿಲ್ಲ, ರಜೆಯಿಲ್ಲ, ಹೊಸಬರು ಬರುತ್ತಲೇ ಇರುವುದರಿಂದ ನಿವೃತ್ತಿಯೂ ಇಲ್ಲ.

ನಾವು ಅವರಿಗಿಟ್ಟ ಹೆಸರು ಮೇಲಾಚಾರ್ಯ. ‘ಮೇಲ’ ಎಂಬುದು ಮಾಲ್ಟಾದವರ ಸರ್ವಾಂತರ್ಯಾಮಿ ಪದ. ಸರಿ, ಹಾಗಾದರೆ, ಮತ್ತೇನು, ಅಲ್ವೇ, ಬಿಡಿ, ನಡೀರಿ ಎಲ್ಲಕ್ಕೂ ಅದೇ. ನಮ್ಮ ‘ಆಯ್ತು’ ಇದೆಯಲ್ಲ, ಅದರ ದೊಡ್ಡಪ್ಪನ ಮಗ. ಇವರು ಕನ್ನಡ ಮಾತಾಡುವಾಗಲೂ ಒಗ್ಗರಣೆಗೆ ಇಂಗು ಹಾಕಿದ ಹಾಗೆ ಅದನ್ನು ಉದುರಿಸುತ್ತಾರೆ. “ಮೇಲ, ಊಟ ಆಯ್ತಾ? ಮೇಲ, ಹೊರಡೋಣ.” ಬಾಯಲ್ಲಿ ಬೇರೆ ಮಾಲ್ಟೀಸ್ ಪದ ಅಷ್ಟಾಗಿ ಬರದು. ಇದೊಂದನ್ನು ಮಾತ್ರ ಯಾಕೆ ಇಷ್ಟು ಹಚ್ಚಿಕೊಂಡಿದ್ದಾರೆ ಎಂದು ಬಹಳ ದಿನ ನಗುತ್ತಿದ್ದೆ.

ಬಸ್ಸಿಗೆ ಬರೋಣ. ನನ್ನ ಕೈಯಲ್ಲಿ ತಲಾ ಇಪ್ಪತ್ತಮೂರು ಕೆ.ಜಿ.ಯ ಎರಡು ಸೂಟ್‌ಕೇಸು. ಒಂದರಲ್ಲಿ ಅಮ್ಮ ತುಂಬಿದ ರಾಗಿಹಿಟ್ಟು, ಉಪ್ಪಿನಕಾಯಿ, ಅವುಗಳ ನಡುವೆ ಗರ್ಭಸ್ಥ ಶಿಶುವಿನಂತೆ ಮುದುಡಿ ಮಲಗಿದ ಪ್ರೆಶರ್ ಕುಕ್ಕರು. ಆಚಾರ್ಯರ ಕೈಯಲ್ಲಿ ಒಂದು ನೀರಿನ ಬಾಟಲಿ ಮತ್ತು ಅಪಾರ ಮಾಹಿತಿ. “ಬೇಸಿಗೆ ದರ ಎರಡೂವರೆ ಯೂರೋ, ಚಳಿಗಾಲಕ್ಕೆ ಎರಡೇ. ಎರಡು ಗಂಟೆ ಹೊತ್ತು ನಡೆಯುತ್ತೆ. ಅಷ್ಟರಲ್ಲಿ ಎಷ್ಟು ಬಸ್ ಬೇಕಾದರೂ ಬದಲಿಸಿ, ಅದೇ ಟಿಕೆಟ್ಟು. ನಂಗಂತೂ ಫ್ರೀ” ಎಂದು ತಮ್ಮ ಕಾರ್ಡು ತೋರಿಸಿದರು. ಇಲ್ಲಿ ವಾಸಕ್ಕಿರುವವರು ತಮ್ಮ ಹೆಸರಿನ ‘ತಲ್ಲಿಞಾ’ ಕಾರ್ಡು ಮಾಡಿಸಿಕೊಂಡರೆ 2022ರ ಅಕ್ಟೋಬರಿನಿಂದ ಬಸ್ಸಿಗೆ ದುಡ್ಡಿಲ್ಲ. ಆ ಕಾರ್ಡನ್ನು ಅವರು ಜನಿವಾರದಂತೆ ಕೊರಳಿಗೇ ಹಾಕಿಕೊಂಡಿದ್ದರು.

ಮೊದಲ ಬಸ್ಸು ಸಲೀಸಾಗಿ ಸಿಕ್ಕಿತು. ನಲವತ್ತು ನಿಮಿಷ ಚೆನ್ನಾಗಿಯೇ ಹೋದೆವು. ಅಷ್ಟರಲ್ಲಿ ಆಚಾರ್ಯರಿಗೆ ಜ್ಞಾನೋದಯವಾಯಿತು. “ಇದು ಊರೆಲ್ಲ ಸುತ್ತುತ್ತೆ. ಇಲ್ಲೇ ಇಳಿದು ಇನ್ನೊಂದು ಹಿಡಿದರೆ ಹತ್ತು ನಿಮಿಷ ಉಳಿಯುತ್ತೆ.” ಇಳಿದೆವು. ನೆರಳಿಲ್ಲದ ಒಂದು ಕಂಬದ ಕೆಳಗೆ ನಿಂತೆವು. ಇಲ್ಲಿ ಬಸ್ಸು ನಿಲ್ದಾಣದಲ್ಲಿ ನಿಂತವರನ್ನು ನೋಡಿ ನಿಲ್ಲುವುದಿಲ್ಲ, ಕೈ ಚಾಚಿ ಕರೆಯಬೇಕು. ಅದರ ಬಗ್ಗೆ ಒಂದು ಉಪನ್ಯಾಸವಾಯಿತು. “ಆಟೋಗೆ ಕೈ ಆಡಿಸಿದ ಹಾಗಲ್ಲ. ಮೊಣಕೈ ನೆಟ್ಟಗಿರಬೇಕು. ಡ್ರೈವರ್ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು.” ಬಸ್ಸು ಬಂತು. ಮೊಣಕೈ ನೆಟ್ಟಗಿತ್ತು, ಕಣ್ಣಲ್ಲಿ ಕಣ್ಣಿತ್ತು. ಬಸ್ಸು ತುಂಬಿತ್ತು. ಹೊರಟೇಹೋಯಿತು. ಎರಡನೆಯದೂ ಹೋಯಿತು. ಮೂರನೆಯದರ ಡ್ರೈವರು ಎರಡೂ ಕೈ ಎತ್ತಿ ‘ನಾನೇನು ಮಾಡಲಿ’ ಎನ್ನುವಂತೆ ಅಭಿನಯಿಸಿ, ನಮ್ಮ ಮೇಲೆ ಒಂದಿಷ್ಟು ಸುಣ್ಣಕಲ್ಲಿನ ಧೂಳನ್ನು ಪ್ರೋಕ್ಷಿಸಿ ಹೋದ. ಆಚಾರ್ಯರು ಕಿಂಚಿತ್ತೂ ವಿಚಲಿತರಾಗದೆ ಬ್ರಿಟಿಷರು 1964ರಲ್ಲಿ ಬಿಟ್ಟುಹೋದ ಆಸ್ತಿಗಳ ಪಟ್ಟಿ ಶುರು ಮಾಡಿದರು: ಎಡಗಡೆಯ ವಾಹನ ಸಂಚಾರ, ಇಂಗ್ಲಿಷು, ಮತ್ತು ಭಾರತದ ಯಾವ ಚಾರ್ಜರೂ ಹೋಗದ ಚಪ್ಪಟೆ ಮೂರು ಕಡ್ಡಿಯ ಪ್ಲಗ್ಗು. ನಾಲ್ಕನೆಯ ಬಸ್ಸು ನಿಂತಿತು. ಟಿಕೆಟ್ಟು ತೋರಿಸಿದರೆ ಯಂತ್ರ ಕೆಂಪು ದೀಪ ಉರಿಸಿತು. ಎರಡು ಗಂಟೆ ಮುಗಿದು ಐದು ನಿಮಿಷವಾಗಿತ್ತು.

ಮತ್ತೆ ಎರಡೂವರೆ ಯೂರೋ ಕೊಟ್ಟೆ. “ಒಟ್ಟು ಐದಾಯ್ತು. ಟ್ಯಾಕ್ಸಿಗಿಂತ ಕಮ್ಮಿನೇ ನೋಡಿ” ಎಂದರು. ನಾನು ನೋಡಲಿಲ್ಲ. ನನ್ನ ಕಣ್ಣೊಳಗೆ ಬೆವರಿತ್ತು.

ಅವರ ಮಾಹಿತಿ ಸುಳ್ಳಲ್ಲ, ಅದೇ ಸಂಕಟ. ಸುಳ್ಳಾಗಿದ್ದರೆ ಜಗಳವಾಡಿ ಬಿಟ್ಟುಬಿಡಬಹುದಿತ್ತು. ದ್ವೀಪದ ಭಾಷೆ ಅರಬ್ಬಿಯ ಸಂಬಂಧಿ, ಬರೆಯುವುದು ಮಾತ್ರ ಇಂಗ್ಲಿಷಿನಂಥ ಅಕ್ಷರದಲ್ಲಿ. ಹಾಗಾಗಿ ಬೋರ್ಡು ಓದುವ ವಿದ್ಯೆಯನ್ನೂ ಅವರೇ ಕಲಿಸಿದರು: “ಎಕ್ಸ್ ಕಂಡರೆ ಶ ಅನ್ನಿ. ಕ್ಯೂ ಕಂಡರೆ ಗಂಟಲಲ್ಲೇ ನುಂಗಿಬಿಡಿ.” ಕ್ಯೂನಿಂದ ಶುರುವಾಗುವ ‘ಕೋರ್ಮಿ’ ಎಂಬ ಊರನ್ನು ‘ಓರ್ಮಿ’ ಎಂದೆ, ಅಂಗಡಿಯವಳು ಖುಷಿಯಾಗಿ ಎರಡು ಟೊಮೇಟೊ ಹೆಚ್ಚಿಗೆ ಹಾಕಿದಳು. ಸಸ್ಯಾಹಾರಿ ಎಂದು ನಂಬಿ ನಾನು ಕೈಹಾಕಿದ, ಟೊಮೇಟೊ ಸವರಿ ಎಣ್ಣೆ ಸುರಿದ ಬ್ರೆಡ್ಡಿನೊಳಗೆ ಟ್ಯೂನಾ ಮೀನು ಅಡಗಿ ಕೂತಿರುತ್ತದೆಂದು ಹೇಳಿ ಜಾತಿ ಉಳಿಸಿದವರೂ ಅವರೇ. ನಲ್ಲಿಯಲ್ಲಿ ಬರುವುದರಲ್ಲಿ ಅರ್ಧಕ್ಕೂ ಹೆಚ್ಚು ಸಮುದ್ರದಿಂದ ಉಪ್ಪು ತೆಗೆದ ನೀರು, ಕುಡಿಯಬಹುದು, ಕಾಫಿಗೆ ಮಾತ್ರ ಬೇಡ ಎಂದರು. ಕುಡಿದು ನೋಡಿದೆ. ಕಾಫಿಗೆ ಬೇಡ.

ಇವೆಲ್ಲ ಸಹಿಸಬಹುದು. ಸಹಿಸಲಾಗದ್ದು ಕಸ.

ಮಾಲ್ಟಾದಲ್ಲಿ ದಿನಕ್ಕೊಂದು ಬಣ್ಣದ ಕಸ. ಸೋಮ, ಬುಧ, ಶುಕ್ರ ಬಿಳಿ ಚೀಲ, ಅಂದರೆ ಅಡುಗೆಮನೆಯ ಹಸಿಕಸ. ಮಂಗಳ, ಶನಿ ಕಪ್ಪು ಚೀಲ, ಯಾವುದಕ್ಕೂ ಬಾರದ ಕಸ. ಗುರುವಾರ ಕಾಗದ, ಪ್ಲಾಸ್ಟಿಕ್ಕು, ಡಬ್ಬ. ಗಾಜಿಗೆ ತಿಂಗಳ ಮೊದಲನೆಯ ಮತ್ತು ಮೂರನೆಯ ಶುಕ್ರವಾರ. ಇದನ್ನು ಆಚಾರ್ಯರು ಹೇಳುವುದಿಲ್ಲ, ಪಠಿಸುತ್ತಾರೆ. ರಾತ್ರಿ ಒಂಬತ್ತೂವರೆಗೆ ಫೋನು: “ಮೇಲ, ನಾಳೆ ಮಂಗಳವಾರ, ಕಪ್ಪು.” ಇಟ್ಟುಬಿಡುತ್ತಾರೆ. ನಮ್ಮಜ್ಜ ಪಂಚಾಂಗ ಮಡಿಸಿ ‘ನಾಳೆ ಏಕಾದಶಿ’ ಎಂದ ಹಾಗೆ. ಮೂರನೆಯ ಶುಕ್ರವಾರದ ಹಿಂದಿನ ರಾತ್ರಿಯಂತೂ ದನಿಯಲ್ಲಿ ಪರ್ವಕಾಲದ ಗಾಂಭೀರ್ಯ: “ನಾಳೆ ಗಾಜು ಬಿಳಿ ಎರಡೂ ಸೇರಿವೆ.” ಗ್ರಹಣ ಬಂದರೂ ಇಷ್ಟು ಎಚ್ಚರಿಸುವವರಿಲ್ಲ.

ಒಂದು ಗುರುವಾರ ನಾನು ಹಟಕ್ಕೆ ಬಿದ್ದು ಫೋನು ಎತ್ತಲಿಲ್ಲ. ಮರುದಿನ ಉಪ್ಪಿನಕಾಯಿ ಬಾಟಲಿಯನ್ನು ಬಿಳಿ ಚೀಲದಲ್ಲಿ ಹಾಕಿ ಬಾಗಿಲಲ್ಲಿಟ್ಟೆ. ಸಂಜೆ ಬಂದು ನೋಡಿದರೆ ಚೀಲ ಅಲ್ಲೇ ಇದೆ, ಅದರ ಮೇಲೊಂದು ಸ್ಟಿಕರು. ಕೆಳಗಿನ ಮನೆಯ ಅಜ್ಜಿ ಬಾಲ್ಕನಿಯಿಂದ ಚೀಲವನ್ನೂ ನನ್ನನ್ನೂ ಸರದಿಯಂತೆ ನೋಡಿದಳು. ಯಾವುದನ್ನು ಯಾವ ದಿನ ಹೊರಗಿಡಬೇಕು ಎಂದು ಅವಳು ಯೋಚಿಸುತ್ತಿದ್ದಂತಿತ್ತು. ಅಂದು ರಾತ್ರಿ ನಾನೇ ಆಚಾರ್ಯರಿಗೆ ಫೋನು ಮಾಡಿದೆ.

ಇನ್ನೊಂದು ಸಲವೂ ಸೋತೆ. “ನವೆಂಬರ್ ಬರಲಿ, ಮನೆಯೊಳಗೆ ಬಟ್ಟೆ ಒಣಗಿಸಬೇಡಿ. ತೇವ ಹೀರೋ ಮಿಷನ್ ತಗೊಳ್ಳಿ” ಎಂದಾಗ ನನಗೆ ನಗು ತಡೆಯಲಾಗಲಿಲ್ಲ. ನಾನು ಸಾಗರದವನು. ಚಿತ್ರದುರ್ಗದ ಬಯಲಿನವರು ಮಲೆನಾಡಿನವನಿಗೆ ತೇವದ ಪಾಠ ಹೇಳುವುದೇ! ಜನವರಿಯಲ್ಲಿ ಹಾಸಿಗೆ ಒದ್ದೆಯಾಗಿತ್ತು. ಇಲ್ಲಿನ ಜೇನುಬಣ್ಣದ ಸುಣ್ಣಕಲ್ಲಿನ ಮನೆಗಳು ನೋಡಲು ಅರಮನೆ, ಚಳಿಗಾಲದಲ್ಲಿ ಒಳಗೆ ಕೂತರೆ ಬಾವಿ. ಹೊರಗಿಗಿಂತ ಒಳಗೇ ಚಳಿ ಹೆಚ್ಚು. ಬೀರು ತೆಗೆದರೆ ನನ್ನ ಚರ್ಮದ ಬೆಲ್ಟಿನ ಮೇಲೆ ಹಸಿರು ಪಾಚಿ, ಥೇಟ್ ನಮ್ಮೂರ ಅಡಿಕೆ ತೋಟದ ಕಟ್ಟೆ. ಊರು ನೆನಪಾಗಿ ಕಣ್ಣು ತುಂಬಿತು. ಅಥವಾ ಆ ಬೂಷ್ಟು ಮೂಗಿಗೆ ಹೋಗಿತ್ತು.

ಇನ್ನುಳಿದದ್ದು ಗೋಜೋ. ಉತ್ತರದ ಈ ಪುಟ್ಟ ತಂಗಿ ದ್ವೀಪಕ್ಕೆ ಚಿರ್ಕೆವ್ವದಿಂದ ಹಡಗು, ಇಪ್ಪತ್ತೈದು ನಿಮಿಷ. ವಿಶೇಷವೇನೆಂದರೆ ಹೋಗುವಾಗ ಟಿಕೆಟ್ಟು ಕೇಳುವವರಿಲ್ಲ, ವಾಪಸು ಬರುವಾಗ ಆ ಕಡೆಯ ಇಮ್ಜಾರ್ ಬಂದರಿನಲ್ಲಿ ವಸೂಲಿ, 4.65 ಯೂರೋ. ಇದು ಆಚಾರ್ಯರ ಮಾಹಿತಿ ಭಂಡಾರದ ಕಿರೀಟರತ್ನ. “ಅಭಿಮನ್ಯು ಕಥೆ ಕಣ್ರೀ! ಒಳಗೆ ಹೋಗೋದು ಬಿಟ್ಟಿ, ಹೊರಗೆ ಬರೋದಕ್ಕೆ ಬೆಲೆ!” ಇದನ್ನು ನಾನು ಕೇಳಿದ್ದು ಹದಿನೇಳು ಸಲ. ಕೊನೆಗೆ ಫೆಬ್ರವರಿ 10ರಂದು ಅವರ ಜೊತೆ ಹೊರಟೆ. ಸಂತ ಪೌಲನ ಹಡಗು ಇಲ್ಲಿ ಒಡೆದುಹೋದ ನೆನಪಿಗೆ ಅಂದು ದ್ವೀಪಕ್ಕೆಲ್ಲ ರಜೆ. ಹಡಗು ಒಡೆದ ದಿನವೇ ಹಡಗು ಹತ್ತೋಣ ಎಂದವರು ಅವರು, ಒಪ್ಪಿದವನು ನಾನು.

ದಾರಿಯುದ್ದಕ್ಕೂ ಪ್ರವಚನ. ನಮ್ಮವರು ಇಲ್ಲಿಗೆ ಹೊಸಬರಲ್ಲವಂತೆ. ವಲೆಟ್ಟಾದಲ್ಲಿ ಸಿಂಧಿ ವ್ಯಾಪಾರಿಗಳು 1887ರಿಂದ ಅಂಗಡಿ ಇಟ್ಟವರು. ಅದಕ್ಕೂ ಮೊದಲು, 1878ರಲ್ಲಿ, ರಷ್ಯಾಕ್ಕೆ ಹೆದರಿಕೆ ಹುಟ್ಟಿಸಲೆಂದು ಬ್ರಿಟಿಷರು ಸುಮಾರು ಏಳು ಸಾವಿರ ಭಾರತೀಯ ಸಿಪಾಯಿಗಳನ್ನು ಇಲ್ಲಿ ತಂದಿಳಿಸಿದ್ದರು. ಅವರಲ್ಲಿ ನಮ್ಮ ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ಕೂಡ ಇದ್ದರು. “ಪಾಪ, ಅವರಿಗೆ ಯಾರು ಹೇಳಿಕೊಟ್ಟರೋ” ಎಂದು ನಿಟ್ಟುಸಿರು ಬಿಟ್ಟರು. ನನಗೆ ಆ ಸಿಪಾಯಿಗಳ ಮೇಲೆ ಸಣ್ಣ ಅಸೂಯೆ ಹುಟ್ಟಿತು.

ಸಂಜೆ ಇಮ್ಜಾರ್‌ನ ಟಿಕೆಟ್ ಕಿಂಡಿಯ ಮುಂದೆ ನಾನು ಕಾರ್ಡು ತೆಗೆದೆ. ಆಚಾರ್ಯರು ನನ್ನ ಕೈ ತಡೆದು, ಕೋಟಿನ ಒಳಜೇಬಿನಿಂದ ಕಾಗದದ ಪೊಟ್ಟಣವೊಂದನ್ನು ತೆಗೆದರು. ಊರಲ್ಲಿ ವಿಭೂತಿ ಕಟ್ಟಿಕೊಡುತ್ತಾರಲ್ಲ, ಹಾಗೆ ಮಡಿಸಿದ್ದು. ಒಳಗೆ ನಾಲ್ಕು ಯೂರೋ ಅರವತ್ತೈದು ಸೆಂಟು, ಚಿಲ್ಲರೆ. ಅದನ್ನು ಎಣಿಸಿ ಕೊಟ್ಟು ನನಗೆ ಟಿಕೆಟ್ಟು ತಂದರು. ಅವರದಕ್ಕೆ ಬೇರೆ ನೋಟು ಮುರಿಸಿದರು. ಮತ್ತೆ ಅಷ್ಟೇ ಚಿಲ್ಲರೆ ಎಣಿಸಿ ಅದೇ ಕಾಗದದಲ್ಲಿ ಕಟ್ಟಿ ಒಳಜೇಬಿಗೆ ಹಾಕಿಕೊಂಡರು.

“ಇದೇನ್ ಸಾರ್, ಹರಕೆಯಾ?”

ಸ್ವಲ್ಪ ಹೊತ್ತು ಸುಮ್ಮನಿದ್ದರು. ಅದೇ ಮೊದಲ ಸಲ ಅವರು ಸುಮ್ಮನಿದ್ದದ್ದನ್ನು ನಾನು ನೋಡಿದ್ದು.

“ನಾನು ಬಂದ ಮೊದಲ ತಿಂಗಳು. ಇಲ್ಲಿ ಯಾರೂ ಗೊತ್ತಿಲ್ಲ. ಒಬ್ಬನೇ ಬಂದೆ. ಹೋಗುವಾಗ ಯಾರೂ ಕಾಸು ಕೇಳಲಿಲ್ಲ, ಎಲ್ಲ ಬಿಟ್ಟಿ ಅಂದ್ಕೊಂಡೆ. ವಾಪಸ್ ಬರೋವಾಗ ಜೇಬಲ್ಲಿ ಮೂರು ಯೂರೋ. ಊರಿನ ಕಾರ್ಡು ಇಲ್ಲಿ ಓಡಲಿಲ್ಲ. ಆ ಬೆಂಚು ಇದೆಯಲ್ಲ, ಅಲ್ಲಿ ರಾತ್ರಿ ಒಂಬತ್ತರ ತನಕ ಕೂತಿದ್ದೆ. ಮನೆಗೆ ಫೋನು ಮಾಡಿ ಏನಂತ ಹೇಳೋದು, ಹೇಳಿ? ಬಲೆ ಹೊಲೀತಿದ್ದ ಒಬ್ಬ ಮುದುಕ ಎದ್ದು ಬಂದ. ಏನೂ ಕೇಳಲಿಲ್ಲ. ಕಿಂಡೀಲಿ ದುಡ್ಡು ಕೊಟ್ಟು ಟಿಕೆಟ್ ತಂದು ನನ್ನ ಕೈಗಿಟ್ಟು, ಹೆಗಲು ತಟ್ಟಿ ‘ಮೇಲ’ ಅಂದ. ಅಷ್ಟೇ.”

ಹಡಗಿನ ಸೈರನ್ನು ಕೂಗಿತು. ನಾನು ಮನಸ್ಸಿನಲ್ಲೇ ಅವರ ಪಂಚಾಂಗದ ಪುಟಗಳನ್ನು ಹಿಂದಕ್ಕೆ ತಿರುವತೊಡಗಿದೆ. ‘ಕರೆಂಟ್ ಖಾತೆಯಲ್ಲಿ ಮನೆಯಲ್ಲಿ ಎಷ್ಟು ಜನ ಅಂತ ಓನರ್ ಹತ್ತಿರ ಬರೆಸಿಕೊಳ್ಳಿ, ಇಲ್ಲದಿದ್ದರೆ ದರ ಏರುತ್ತೆ’ ಎಂದು ಅವರು ಪೀಡಿಸಿದ್ದು ಯಾವ ಬಿಲ್ಲು ತೆತ್ತ ಮೇಲೋ. ತೇವದ ಮಾತು ಯಾವ ಕೆಮ್ಮಿನ ನಂತರವೋ. ಯಾವ ಟ್ಯಾಕ್ಸಿಯವನು ಎಷ್ಟು ಕಿತ್ತಿದ್ದನೋ, ಅದಕ್ಕೇ ನನ್ನನ್ನು ಆ ಬಸ್ಸಿಗೆ ಹತ್ತಿಸಿದರೋ ಏನೋ. ಕೇಳೋಣವೆನಿಸಿತು. ಕೇಳಿದ್ದರೆ ಉತ್ತರ ಚಿರ್ಕೆವ್ವ ದಾಟಿದರೂ ಮುಗಿಯುತ್ತಿರಲಿಲ್ಲ.

“ಎಡಗಡೆ ಕೂತ್ಕೊಳ್ಳಿ, ಕೊಮಿನೊ ದ್ವೀಪ ಕಾಣುತ್ತೆ” ಎಂದು ಡೆಕ್ಕಿನ ಮೇಲೆ ಮತ್ತೆ ಶುರುವಾಯಿತು. ಕೃತಜ್ಞತೆ ಉಕ್ಕಿದ ಘಳಿಗೆಯಲ್ಲಿ ಮನುಷ್ಯ ಎಚ್ಚರ ತಪ್ಪುತ್ತಾನೆ. ವಿಧೇಯನಾಗಿ ಕಂಬಿಗೆ ಒತ್ತಿ ಎಡಗಡೆ ಕೂತೆ. ಬಂದರಿನ ಗೋಡೆ ದಾಟಿದ್ದೇ ತಡ, ಈಶಾನ್ಯದಿಂದ ಗಾಳಿ ಬೀಸಿ ಒಂದು ಅಲೆ ಎದ್ದು ನಿಂತು, ತಲೆಯಿಂದ ಕಾಲಿನವರೆಗೆ ನನಗೆ ಅಭ್ಯಂಜನ ಮಾಡಿಸಿತು. ಕನ್ನಡಕದ ಮೇಲಿನ ಉಪ್ಪುನೀರು ಒರೆಸಿಕೊಂಡು ನೋಡಿದರೆ ಆಚಾರ್ಯರು ಬಲಗಡೆಯ ಸಾಲಿನಲ್ಲಿ, ಗಾಜಿನ ಹಿಂದೆ, ಹನಿಯೂ ತಾಗದ ಕೋಟಿನಲ್ಲಿ ಕೂತಿದ್ದಾರೆ.

“ಗ್ರಿಗಾಲ್ ಗಾಳಿ ಇದ್ದಾಗ ಎಡಗಡೆ ಕೂರಬಾರದು ಅಂತ ಬೆಳಿಗ್ಗೆ ಬಸ್ಸಲ್ಲೇ ಹೇಳಿದ್ದೆನಲ್ಲ! ಪೌಲನ ಹಡಗು ಒಡೆದಿದ್ದು ಇದೇ ಗಾಳೀಲಿ ಅಂತಾರೆ. ನೀವು ಕೇಳಿಸಿಕೊಳ್ಳಲಿಲ್ಲ.”

ಹೇಳಿದ್ದರು. ನಾನು ಕೇಳಿಸಿಕೊಂಡಿರಲಿಲ್ಲ.