ಅರ್ಧ ಸುತ್ತಿನ ಕಾಕಾ

ನಮ್ಮ ಓಣಿಯ ಕಾಕಾ ಅವರನ್ನು "ಆರಾಮ್ ಇದ್ದೀರೇನ್ರಿ?" ಎಂದು ಕೇಳಿ ನೋಡಿ. ಶುಗರ್, ಬಿ.ಪಿ., ಮೊಣಕಾಲು, ಯಾವುದರ ಸುದ್ದಿಯನ್ನೂ ತೆಗೆಯುವುದಿಲ್ಲ. "ಎಲ್ಲೀ ಆರಾಮೋ ತಮ್ಮಾ, ಐಡ್ಲಿಂಗ್ ನಿಂದ್ರವಲ್ದು" ಎಂದು ಮುಖ ಸಣ್ಣ ಮಾಡುತ್ತಾರೆ.

ಇಂಥ ಕಾಕಾ ಶಹಾಪುರಕ್ಕೊಬ್ಬರು, ಸುರಪುರಕ್ಕೊಬ್ಬರು ಇದ್ದೇ ಇರುತ್ತಾರೆ. ಯಾದಗಿರಿ 2009ರಲ್ಲಿ ಜಿಲ್ಲೆಯಾಯಿತಾದ್ದರಿಂದ ಅಲ್ಲಿ ಇಬ್ಬರಾದರೂ ಇರಬೇಕು. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಸಣ್ಣ ಸ್ಕ್ರೂಡ್ರೈವರ್, ಕೈಗೆ ಪೆಟ್ರೋಲಿನ ವಾಸನೆ, ಮನೆ ಮುಂದೆ ಬೇವಿನ ಮರ, ಮರದ ನೆರಳಿಗೆ ಬಾನೆಟ್ ತೆರೆದು ನಿಂತ ಹಳೇ ಕಾರು. ನಮ್ಮ ಕಾಕಾನದು ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯಾಟ್ 1100 ಕಾರನ್ನು ಮುಂಬೈಯ ಕುರ್ಲಾದಲ್ಲಿ ತಯಾರಿಸುತ್ತಿದ್ದವರು 1970ರ ದಶಕದಲ್ಲಿ ಅದಕ್ಕೆ ಚಿತ್ತೋಡದ ರಾಣಿಯ ಹೆಸರಿಟ್ಟರು. ಆ ಹೆಸರನ್ನು ಇಷ್ಟು ಮನಸ್ಸಿಗೆ ಹಚ್ಚಿಕೊಂಡವರು ಕಾಕಾ ಒಬ್ಬರೇ. ಅದನ್ನು "ಗಾಡಿ" ಎಂದವರಿಗೆ ಅವರ ಮನೆಯಲ್ಲಿ ಚಹಾ ಇಲ್ಲ. ಇನ್ನು "1089 ಸಿ.ಸಿ." ಎನ್ನುವ ಠೀವಿಯೋ, ಮಗಳ ಎಸ್ಸೆಸ್ಸೆಲ್ಸಿ ಮಾರ್ಕ್ಸು ಹೇಳಿದಂತೆ.

ಕಾಕಾ ಭೀಮರಾಯನಗುಡಿಯ ಕೃಷ್ಣಾ ಯೋಜನೆಯ ಆಫೀಸಿನಲ್ಲಿ ಕಾಲುವೆ ನೀರಿನ ಲೆಕ್ಕ ಬರೆದು ರಿಟೈರ್ ಆದವರು. ಹೀಗಾಗಿ ಕಾರ್ಬೊರೇಟರ್ ಅವರಿಗೆ ಯಂತ್ರವಲ್ಲ, ಅಚ್ಚುಕಟ್ಟು ಪ್ರದೇಶ. "ಇಲ್ಲಿ ನೋಡು. ಈ ಫ್ಲೋಟ್ ಚೇಂಬರ್ ಅಂದ್ರ ನಾರಾಯಣಪುರದ ಬಸವಸಾಗರ. ನೀಡಲ್ ವಾಲ್ವ್ ಅಂದ್ರ ಗೇಟ್. ಫ್ಲೋಟ್ ಮ್ಯಾಲ ಬಂದ್ರ ಒಳಹರಿವು ಬಂದ್. ಮೇನ್ ಜೆಟ್ ಎಡದಂಡಿ ಕಾಲುವಿ, ಪೈಲಟ್ ಜೆಟ್ ಹೊಲಗಾಲುವಿ. ನಾಕನೇ ಸಿಲಿಂಡರ್ ಐತಲ್ಲ, ಅದು ಟೇಲ್‌ಎಂಡ್ ರೈತ. ನೀರು ಮುಟ್ಟೇದೋ ಇಲ್ಲೋ, ಪ್ಲಗ್ ಬಿಚ್ಚಿ ನೋಡಿದ್ರೇ ಗೊತ್ತು." ಬಿಚ್ಚಿ ತೋರಿಸುತ್ತಾರೆ ಕೂಡ. ಪ್ಲಗ್ಗಿನ ತುದಿ ಕರ್ರಗಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಗಾಳಿ ಹೆಚ್ಚು, ಹುರಿದ ಶೇಂಗಾದ ಬಣ್ಣವಿದ್ದರೆ ಹದ. ಶೇಂಗಾದ ಬಣ್ಣ ಬಂದ ದಿನ ಕಾಕಾ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಚಹಾದಂಗಡಿಗೆ ಒಯ್ದು ನಾಲ್ಕು ಮಂದಿಗೆ ತೋರಿಸಿ ಬಂದದ್ದುಂಟು. ಅಷ್ಟು ಹೊತ್ತು ಕಾರು ಮೂರೇ ಪ್ಲಗ್ಗಿನಲ್ಲಿ ಮನೆ ಮುಂದೆ ನಿಂತಿತ್ತು.

ಭಾನುವಾರ ಬೆಳಿಗ್ಗೆ ಕಾರ್ಬೊರೇಟರ್ ಬಿಚ್ಚುವುದು ನೇಮ. ಹಳೇ ಪೇಪರು ಹಾಸಿ, ಸ್ಕ್ರೂಗಳನ್ನು ಸಾಲಾಗಿ ಇಟ್ಟು, ಬೆಂಡವಾಲಿಯ ತಿರುಪಿನಷ್ಟಿರುವ ಹಿತ್ತಾಳೆಯ ಜೆಟ್ಟನ್ನು ಎರಡು ಬೆರಳಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ ಸೂರ್ಯನತ್ತ ಎತ್ತುತ್ತಾರೆ. ಸಾಸಿವೆಗಿಂತ ಸಣ್ಣ ಬೆಳಕಿನ ಚುಕ್ಕೆ ಕಂಡರೆ ಸಮಾಧಾನ. ಕಾಣದಿದ್ದರೆ ಬಾಯಿಟ್ಟು ಊದುತ್ತಾರೆ, ಥೂ ಎಂದು ಪೆಟ್ರೋಲ್ ಉಗುಳುತ್ತಾರೆ, ಮತ್ತೆ ಊದುತ್ತಾರೆ. ತಂತಿ, ಪಿನ್ನು ಮಾತ್ರ ಕೂಡದು. "ಜೆಟ್ಟಿಗೆ ಪಿನ್ನು ಚುಚ್ಚಾಂವ ಕಟುಕ. ತೂತು ಕೂದಲೆಳಿಯಷ್ಟು ದೊಡ್ಡದಾದ್ರೂ ಮುಗೀತು, ಮೈಲೇಜ್ ಮಣ್ಣುಪಾಲು."

ಜೋಡಿಸಿದ ಮೇಲೆ ಶ್ರುತಿ. ಎಂಜಿನ್ ಬಿಸಿಯಾಗಬೇಕು, ಮಿಕ್ಸ್ಚರ್ ಸ್ಕ್ರೂ ಪೂರಾ ಮುಚ್ಚಿ ಒಂದೂವರೆ ಸುತ್ತು ಬಿಚ್ಚಬೇಕು, ಅಲ್ಲಿಂದ ಕೂದಲು ಕೂದಲು ಅಳತೆ. ಅರ್ಧ ಸುತ್ತು ಒಳಗೆ, ಅರ್ಧ ಸುತ್ತು ಹೊರಗೆ. "ಈಗ ಕೇಳಿಸ್ತೇನು ಫರಕ್?" "ಹೂಂ ಕಾಕಾ." ನನಗೆ ಕೇಳಿಸಿದ್ದು ಮರದ ಮೇಲಿನ ಕಾಗೆ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಹತ್ತಿರ ಹತ್ತಿರ 15 ಪಾಲು ಗಾಳಿ ಕೂಡಬೇಕೆಂಬ ಲೆಕ್ಕವನ್ನು ಅವರು ವಿವರಿಸುವಾಗ ಅವರ ಹೆಂಡತಿ, ನಮ್ಮ ಕಾಕು, ಬಾಗಿಲಿಗೆ ಬಂದು, "ನಾ ಉಪ್ಪಿಟ್ಟಿಗೆ ನೀರು ಹಾಕೂವಾಗ ಯಾವ ಸ್ಕ್ರೂ ತಿರುಗಸ್ತೀನ್ರಿ?" ಎಂದು ಕೇಳಿ ಒಳಗೆ ಹೋಗುತ್ತಾರೆ.

ಒಮ್ಮೆ ಯಾದಗಿರಿಯ ಒಂದು ಗ್ಯಾರೇಜಿಗೆ ಹೋಗಿದ್ದೆವು. ಅಲ್ಲಿಯ ಹುಡುಗ ಕೈಯಲ್ಲಿ ಸ್ಕ್ಯಾನರ್ ಹಿಡಿದು, ಅದರ ವೈರು ಚುಚ್ಚಲು ತೂತು ಹುಡುಕುತ್ತ ಪದ್ಮಿನಿಯ ಸುತ್ತ ಎರಡು ಪ್ರದಕ್ಷಿಣೆ ಹಾಕಿದ. "ಅಂಕಲ್, ಇದರ ಇಸಿಎಂ ಎಲ್ಲದರಿ?" ಕಾಕಾ ತಮ್ಮ ಕಿವಿ ಮುಟ್ಟಿ ತೋರಿಸಿದರು. ಪಿಯುಸಿ ಮಾಡಿಸುವಾಗಲೂ ಅಷ್ಟೇ. ಹೊಗೆ ಅಳೆಯುವ ನಳಿಗೆ ಹಾಕುವ ಮುಂಚೆ ಅರ್ಧ ಸುತ್ತು ಒಳಗೆ, ಚೀಟಿ ಕೈಗೆ ಬಂದ ಮೇಲೆ ಅರ್ಧ ಸುತ್ತು ಹೊರಗೆ.

ಹೋದ ಏಪ್ರಿಲ್‌ನಲ್ಲಿ ಕಾಕುವಿನ ತಂಗಿಯ ಮೊಮ್ಮಗಳ ಮದುವೆ, ಸುರಪುರದಲ್ಲಿ. ಬಸ್ಸಿಗೆ ಹೋಗೋಣವೆಂದ ಕಾಕುವನ್ನು ಹಿಂದಿನ ಸೀಟಿನಲ್ಲಿ ಕೂಡಿಸಿ, ನನ್ನನ್ನು ಮುಂದೆ ಕೂಡಿಸಿಕೊಂಡು ಕಾಕಾ ಹೊರಟರು. ಮಲಗಿದ ಬುದ್ಧನಂತೆ ಕಾಣುವ ನಮ್ಮೂರು ಶಹಾಪುರದ ಬೆಟ್ಟ ಹಿಂದೆ ಬಿತ್ತು. ಹತ್ತಿಗೂಡೂರು ದಾಟುವುದರೊಳಗೆ ಪದ್ಮಿನಿ ಎರಡು ಸಲ ಬಿಕ್ಕಿ ನಿಂತಳು. ಆ ಬಿಸಿಲಿಗೆ ಪಂಪಿನೊಳಗಿನ ಪೆಟ್ರೋಲೇ ಕುದ್ದು ಆವಿಯಾಗಿತ್ತು. ಕಾಕಾ ಹೊಸ ರೇಷ್ಮೆ ಶಲ್ಯವನ್ನು ಕುಡಿಯುವ ನೀರಿನಲ್ಲಿ ಅದ್ದಿ ಪೆಟ್ರೋಲ್ ಪಂಪಿಗೆ ಸುತ್ತಿದರು, ಜ್ವರ ಬಂದ ಕೂಸಿನ ಹಣೆಗೆ ಪಟ್ಟಿ ಹಾಕಿದಂತೆ. ನಮ್ಮನ್ನು ದಾಟಿ ಮೂರು ಕೆಂಪು ಬಸ್ಸು ಹೋದವು. ಕಾಕು ಮೂರನ್ನೂ ಎಣಿಸಿದರು, ಬಾಯಿಬಿಟ್ಟು. ಮೂರನೆಯದರ ಕಿಟಕಿಯಿಂದ ಮದುವೆಗೆ ಹೊರಟ ಬೀಗರ ಕಡೆಯವರು ಕೈ ಬೀಸಿದರು. "ಬ್ರಿಟಿಷರ ಕಾಲದಾಗ ಟೇಲರ್ ಸಾಹೇಬ ಸುರಪುರಕ್ಕ ಬಂದಾಗ ಎಷ್ಟು ದಿನ ಹಿಡಿದಿತ್ತೋ ಏನೋ" ಎಂದು ಕಾಕಾ ಸಮಾಧಾನ ಹೇಳಹೋದರು. "ಅಂವಗ ಕುದುರಿ ಇತ್ತು" ಎಂದರು ಕಾಕು. ನಾವು ಮುಟ್ಟಿದಾಗ ಅಕ್ಷತೆ ಬಿದ್ದು, ಊಟದ ಎರಡನೇ ಪಂಕ್ತಿ ಎದ್ದು, ಹುಗ್ಗಿಯ ತಳ ಕೆರೆಯುತ್ತಿದ್ದರು.

ಮುಂದಿನ ಭಾನುವಾರ ಕಾಕಾ ಜೆಟ್ಟುಗಳನ್ನು ಪೆಟ್ರೋಲಿದ್ದ ಸ್ಟೀಲ್ ವಾಟಿಯಲ್ಲಿ ನೆನೆಹಾಕಿ ಸ್ನಾನಕ್ಕೆ ಹೋದರು. ನಾನು ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದೆ. ಕಾಕು ಹೊರಗೆ ಬಂದರು. ಸೆರಗಿನ ತುದಿಯಲ್ಲಿ ಜೆಟ್ ಒರೆಸಿದರು. ಸೊಂಟದಿಂದ ಏನೋ ತೆಗೆದರು. ತಗಡಿನ ಪಟ್ಟಿ, ತುದಿಗೆ ಕೂದಲಿನಂಥ ತಂತಿ: ಸೀಮೆಎಣ್ಣೆ ಸ್ಟೋವಿನ ಪಿನ್ನು! ಚುಚ್ಚಿದರು, ಎರಡು ಸಲ ತಿರುವಿದರು, ವಾಟಿಗೆ ಹಾಕಿದರು. ನನ್ನ ಕಡೆ ಒಮ್ಮೆ ನೋಡಿದರು. ನಾನು ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದೆ.

ಅಂದಿನಿಂದ ಪದ್ಮಿನಿಯ ಜಿಗಿತವೇ ಬೇರೆ. ಸುರಪುರದ ಏರನ್ನು ಮೂರನೇ ಗೇರಿನಲ್ಲೇ ಹತ್ತಿದಳು. ಕಾಕಾ ಊರೆಲ್ಲ ಹೇಳಿಕೊಂಡು ಬಂದರು: "ಅರ್ಧ ಸುತ್ತು ಅಷ್ಟೇ, ತಮ್ಮಾ. ಅರ್ಧ ಸುತ್ತಿನ್ಯಾಗ ಎಲ್ಲಾ ಅದ." ಒಂದೇ ಕೊರಗು, ಪೆಟ್ರೋಲ್ ಸ್ವಲ್ಪ ಹೆಚ್ಚು ಕುಡಿಯುತ್ತಾಳೆ. ಅದಕ್ಕೂ ಕಾರಣ ಸಿಕ್ಕಿದೆ.

"ಈಗಿನ ಪೆಟ್ರೋಲಿನ್ಯಾಗ ನೂರಕ್ಕ ಇಪ್ಪತ್ತು ಎಥನಾಲ್. ಕಬ್ಬಿನ ಸೆರೆ ಕುಡಿಸಿದ್ರ ರಾಣಿ ಆದ್ರೂ ಕೆಡ್ತಾಳ. ಹೌದಿಲ್ಲೋ?"

"ಹೌದ್ರಿ, ಇದ್ರೂ ಇರಬಹುದು" ಎಂದು ಅಡುಗೆಮನೆಯಿಂದ ಕಾಕುವಿನ ದನಿ. ಇಣುಕಿದೆ. ಕಾಕು ಗ್ಯಾಸ್ ಒಲೆಯ ಬರ್ನರ್ ಮಗುಚಿ ಇಟ್ಟುಕೊಂಡು, ಅದರ ತೂತುಗಳನ್ನು ಅದೇ ಪಿನ್ನಿನಿಂದ ಒಂದೊಂದಾಗಿ ಕೆದಕುತ್ತಿದ್ದರು.