ರಿಲೇಟಿವ್ ನಂಬರ್

ನಮ್ಮ ಮನೆಯ ಲಗ್ನದ ಯಾದಿ ಇರುವುದು ಕೆಂಪು ಬಟ್ಟೆ ಹೊದಿಸಿದ ರಟ್ಟಿನ ಒಂದು ಉದ್ದ ವಹಿಯಲ್ಲಿ. ವಹಿ ಹೆಂಡತಿಯ ಟ್ರಂಕಿನಲ್ಲಿ, ಟ್ರಂಕಿನ ಕೀಲಿ ಅವಳ ಸೊಂಟದಲ್ಲಿ. ಮಗಳ ಲಗ್ನ ಗೊತ್ತಾದ ಸಂಜೆ ನಾನು ಎದೆ ಉಬ್ಬಿಸಿ, “ಈ ಸಲ ಯಾದಿ ನಾ ಕಂಪ್ಯೂಟರಿನ್ಯಾಗ ಮಾಡ್ತೀನಿ” ಎಂದೆ. ಅವಳು ಬೇಡ ಅನ್ನಲಿಲ್ಲ. ಕೀಲಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು, ಅಷ್ಟೇ.

ಕಂಪ್ಯೂಟರಾದರೂ ನನ್ನದಲ್ಲ. ಉದಗೀರದ ಅಕ್ಕನ ಮಗ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದವನು. ಹೊಸದು ಕೊಂಡ ಮೇಲೆ ಹಳೆಯ ಲ್ಯಾಪ್‌ಟಾಪನ್ನು ಊರಿಗೆ ಹೋಗುವ ದಾರಿಯಲ್ಲಿ ಉಮರ್ಗಾದಲ್ಲಿ ಇಳಿದು ನನ್ನ ಕೊರಳಿಗೆ ಕಟ್ಟಿ ಹೋದ. ತೆರೆದರೆ ಚಿತ್ರವಿಲ್ಲ, ಗುಂಡಿಯಿಲ್ಲ, ಮೌಸಿಗೆ ಕೆಲಸವಿಲ್ಲ. ಅಮಾವಾಸ್ಯೆಯಂಥ ಕಪ್ಪು ಪರದೆ. “ಇದು ಟರ್ಮಿನಲ್, ಮಾಮಾ. ಬರೀಲಿಕ್ಕ ಇದರಾಗ ವಿಮ್ ಅದ. ಅದಕ್ಕಿಂತ ಚಲೋದು ಜಗತ್ತಿನ್ಯಾಗ ಇಲ್ಲ” ಎಂದ.

ಅಡುಗೆಮನೆಯಿಂದ ಉತ್ತರ ಬಂತು: “ಲಗ್ನ ಆಗಿ ಇಪ್ಪತ್ತೆಂಟು ವರ್ಷ ಆಯ್ತು. ಇವರು ವಿಮ್ ಕೈಯಾಗ ಹಿಡಿಯೋದು ಇದೇ ಮೊದಲು.”

ಪಾತ್ರೆ ತಿಕ್ಕುವ ವಿಮ್ಮಿಗೂ ಇದಕ್ಕೂ ಸಂಬಂಧವಿಲ್ಲ ಎಂದು ತಿಳಿಸಿ ಹೇಳಲು ನಾನು ಇತಿಹಾಸಕ್ಕೇ ಕೈಹಾಕಿದೆ. 1976ರಲ್ಲಿ ಬರ್ಕ್ಲಿಯಲ್ಲಿ ಬಿಲ್ ಜಾಯ್ ಎಂಬ ವಿದ್ಯಾರ್ಥಿ ವಿಐ ಎಂಬ ಸಂಪಾದಕ ಬರೆದ. ಅವನ ಮುಂದಿದ್ದ ಕೀಲಿಮಣೆಯಲ್ಲಿ ಬಾಣದ ಗುರುತುಗಳು ಹೆಚ್, ಜೆ, ಕೆ, ಎಲ್ ಅಕ್ಷರಗಳ ಮೇಲೇ ಇದ್ದವು; ಹಾಗಾಗಿ ಇವತ್ತಿಗೂ ಕೆಳಗಿಳಿಯಲು ಜೆ, ಮೇಲೇರಲು ಕೆ. 1991ರಲ್ಲಿ ನೆದರ್‌ಲೆಂಡ್ಸಿನ ಬ್ರಾಮ್ ಮೂಲೆನಾರ್ ಅದನ್ನು ಸುಧಾರಿಸಿ ವಿಮ್ ಎಂದು ಹಂಚಿದ. ದುಡ್ಡು ಕೇಳಲಿಲ್ಲ, ಉಗಾಂಡಾದ ಬಡಮಕ್ಕಳಿಗೆ ನೆರವಾಗಿ ಎಂದು ಮೊದಲ ಪರದೆಯಲ್ಲೇ ಬರೆದಿಟ್ಟ. ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಆ ಸಾಲನ್ನು ಮಗಳಿಂದ ಓದಿಸಿ ಕೇಳಿದಳು. “ಬರದಾವ ಧರ್ಮದ ಮನುಷ್ಯಾ ಅದಾನ” ಎಂದಳು. ಬಳಸುವವನ ಬಗ್ಗೆ ಏನೂ ಅನ್ನದೆ ಒಳಗೆ ಹೋದಳು.

ವಿಮ್‌ನ ಮೂಲ ತಿರುಳು ಮೋಡ್. ತೆರೆದಕೂಡಲೇ ಬರೆಯಲು ಬರುವುದಿಲ್ಲ. ಆಗ ಅದು ಆಜ್ಞೆ ಕೇಳುವ ಮೋಡಿನಲ್ಲಿರುತ್ತದೆ. ಪ್ರತಿ ಅಕ್ಷರವೂ ಒಂದು ಹುಕುಂ. ಐ ಒತ್ತಿದರೆ ಬರೆಯುವ ಮೋಡ್. ಎಸ್ಕೇಪ್ ಒತ್ತಿದರೆ ಮತ್ತೆ ಆಜ್ಞೆಯ ಮೋಡ್. ಇದನ್ನು ಮರೆತು ನಾನು ಮೊದಲ ದಿನ ನಮ್ಮ ಮನೆದೇವರ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ. ಪರದೆ ನಡುಗಿತು, ನಾಲ್ಕು ಸಾಲು ಮಾಯವಾದವು, ಎರಡು ಸಾಲು ಜಿಗಿದವು, ಯಂತ್ರ ಬೀಪ್ ಎಂದಿತು. ದೇವರ ಮಹಿಮೆ ಅಷ್ಟು ನೇರವಾಗಿ ನಾನು ಕಂಡದ್ದು ಅದೇ ಮೊದಲು.

ನಾಚಿಕೆಯ ಮಾತೆಂದರೆ, ನಮ್ಮ ಗಡಿಭಾಗದ ಬಾಯಿಗಳೆಲ್ಲ ಹುಟ್ಟಿನಿಂದಲೇ ಮೋಡ್ ಬದಲಿಸುತ್ತವೆ. ನನ್ನ ಹೆಂಡತಿ ಒಲೆಯ ಮುಂದೆ ಕನ್ನಡ, ಹೊಸ್ತಿಲಲ್ಲಿ ಹಾಲಿನವನ ಹತ್ತಿರ ಮರಾಠಿ, ಓಣಿಯ ಬಾಯಿಗೆ ಬಂದ ಬಳೆಗಾರನ ಹತ್ತಿರ ದಖನಿ ಹಿಂದಿ. ಹೊಸ್ತಿಲು ದಾಟಿದರೆ ಎಸ್ಕೇಪ್, ತಿರುಗಿ ಬಂದರೆ ಐ. ವಿಮ್ ಬರೆಯುವ ಮೋಡಿನಲ್ಲಿದ್ದಾಗ ಪರದೆಯ ತಳದಲ್ಲಿ ‘ಇನ್ಸರ್ಟ್’ ಎಂದಾದರೂ ತೋರಿಸುತ್ತದೆ. ಅದಕ್ಕೆ ‘ಶೋಮೋಡ್’ ಎಂಬ ಸೆಟ್ಟಿಂಗ್ ಇದೆ. ನನ್ನ ಹೆಂಡತಿಗೆ ಅದಿಲ್ಲ. “ಹೂಂ” ಎಂದರೆ ಒಪ್ಪಿಗೆಯೋ ಆಜ್ಞೆಯೋ ತಿಳಿಯಲು ನನಗೆ ಇಪ್ಪತ್ತೆಂಟು ವರ್ಷ ಸಾಲಲಿಲ್ಲ.

ಪುಣೆಯ ಸೋದರಳಿಯ ತನ್ನ ಸೆಟ್ಟಿಂಗುಗಳನ್ನೆಲ್ಲ ವಿಮ್‌ಆರ್‌ಸಿ ಎಂಬ ಕಡತದಲ್ಲಿ ಹಾಗೇ ಬಿಟ್ಟಿದ್ದ. ಅದರಲ್ಲಿ ಒಂದು ‘ಸೆಟ್ ರಿಲೇಟಿವ್‌ನಂಬರ್’. ಇದರ ಗುಣವೇನೆಂದರೆ, ಸಾಲುಗಳಿಗೆ ಒಂದು, ಎರಡು ಎಂದು ನೆಟ್ಟಗೆ ಅಂಕಿ ಬೀಳುವುದಿಲ್ಲ. ಕರ್ಸರ್ ಎಲ್ಲಿ ನಿಂತಿದೆಯೋ ಅದು ಸೊನ್ನೆ. ಉಳಿದವರೆಲ್ಲ ಅಲ್ಲಿಂದ ಎಷ್ಟು ದೂರವೋ ಅಷ್ಟು. ಯಾದಿಯನ್ನು ನಾನು ಸಹಜವಾಗಿ ನನ್ನ ಕಡೆಯವರಿಂದ ಶುರುಮಾಡಿದ್ದೆ. ಚಹಾ ಇಡಲು ಬಂದ ಹೆಂಡತಿ ಪರದೆ ನೋಡಿ ಕಪ್ಪನ್ನು ಕೈಯಲ್ಲೇ ಹಿಡಿದು ನಿಂತಳು.

“ನಿಮ್ಮ ತಮ್ಮ ಒಂದನೇ ನಂಬರ್. ನಿಲಂಗಾದ ನಮ್ಮಣ್ಣ ಮೂವತ್ತೇಳನೇ ನಂಬರ್?”

“ಅದು ರಿಲೇಟಿವ್ ನಂಬರ್” ಎಂದೆ.

“ರಿಲೇಟಿವ್ಸ್ ನಂಬರ್ ಅಂತ ನಂಗೂ ಕಾಣ್ಲತ್ತದ.”

ಕರ್ಸರನ್ನು ಇಳಿಸಿ ಅವಳ ಅಣ್ಣನ ಮೇಲೆ ನಿಲ್ಲಿಸಿದೆ. ಅವನು ಸೊನ್ನೆಯಾದ. ಚಹಾ ಅಡುಗೆಮನೆಗೆ ವಾಪಸಾಯಿತು. ಅಂದು ರಾತ್ರಿ ‘ಸೆಟ್ ನೋರಿಲೇಟಿವ್‌ನಂಬರ್, ಸೆಟ್ ನಂಬರ್’ ಎಂಬ ಮಂತ್ರ ಕಲಿತೆ. ವಿಮ್‌ನಲ್ಲಿ ಬೇಡವಾದ ಸೆಟ್ಟಿಂಗಿನ ಹಿಂದೆ ಒಂದು ‘ನೋ’ ಸೇರಿಸಿದರೆ ಸಾಕು, ಅದು ನಿಂತುಹೋಗುತ್ತದೆ. ಸಂಸಾರದಲ್ಲಿ ಆ ಪ್ರಯೋಗ ಮಾಡಿದವರು ಯಾರೂ ನನಗೆ ಸಿಕ್ಕಿಲ್ಲ.

ಮುಂದಿನ ಪರಾಕ್ರಮ ಬದಲಾವಣೆಯ ಆಜ್ಞೆಯದು. ನಮ್ಮ ಜಿಲ್ಲೆಯ ಹೆಸರು 2023ರಲ್ಲಿ ಉಸ್ಮಾನಾಬಾದ್ ಹೋಗಿ ಧಾರಾಶಿವ ಆಯಿತು. ನಾನು ಹಳೆಯ ವಿಳಾಸಗಳನ್ನೇ ಇಳಿಸಿದ್ದೆ. ಒಂದೇ ಸಾಲಿನ ಆಜ್ಞೆ ಕೊಟ್ಟೆ. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಸಾಲಿನಲ್ಲೂ ಧಾರಾಶಿವ. ಸರಕಾರ ವರ್ಷಗಟ್ಟಲೆ ಮಾಡಿದ್ದನ್ನು ನಾನು ಕೂತಲ್ಲೇ ಮಾಡಿದೆ ಎಂಬ ಮದ ಏರಿತು. ಆ ಮದದಲ್ಲೇ ಇನ್ನೊಂದು ಆಜ್ಞೆ. ಮರಾಠಿ ಕಡೆಯ ನೆಂಟರಿಗೆ ‘ಅಕ್ಕ’ ಎಂದು ಬರೆದರೆ ಚೆನ್ನಲ್ಲ, ಅವರ ಮಾತಿನಂತೆ ‘ತಾಯಿ’ ಎನ್ನಬೇಕು. ಮರಾಠಿಯ ತಾಯಿ ಎಂದರೆ ಅಕ್ಕ. ಆದರೆ ಆಜ್ಞೆಯ ಮೊದಲಿಗೆ ಶೇಕಡಾ ಚಿಹ್ನೆ ಹಾಕಿದರೆ ಅದು ಇಡೀ ಕಡತಕ್ಕೆ ಅನ್ವಯಿಸುತ್ತದೆ. ನಾನು ಹಾಕಿದ್ದೆ. ಕನ್ನಡ ಕಡೆಯ ಅಕ್ಕಂದಿರೆಲ್ಲ ಏಕಕಾಲಕ್ಕೆ ನನ್ನ ಹೆತ್ತವರಾದರು. ‘ಅಕ್ಕನ ಬಳಗ’ ಹೋಗಿ ‘ತಾಯಿನ ಬಳಗ’ವಾಯಿತು. ಅಕ್ಕಲಕೋಟೆ ತಾಯಿಲಕೋಟೆಯಾಯಿತು. ಅಕ್ಕಮಹಾದೇವಿಯ ಹೆಸರಿನ ಓಣಿಯೂ ಉಳಿಯಲಿಲ್ಲ.

ಪುಣೆಗೆ ಫೋನು ಮಾಡಿದೆ. “ಮಾಮಾ, ಘಾಬರೂ ನಕಾ. ಯು ಒತ್ತರಿ, ಹಿಂದಕ್ಕ ಬರ್ತದ” ಎಂದ. ಬಂತು. ಖುಷಿಯಲ್ಲಿ ಅವನು ಇನ್ನೊಂದು ವಿದ್ಯೆಯನ್ನೂ ಹೇಳಿಕೊಟ್ಟ: ಯಾವುದೇ ಅಕ್ಷರದ ಮೇಲೆ ಕರ್ಸರ್ ಇಟ್ಟು ಜಿ, ಎ ಒತ್ತಿದರೆ ಅದರ ಯೂನಿಕೋಡ್ ಸಂಖ್ಯೆ ಕಾಣುತ್ತದೆ. ಕನ್ನಡದ ‘ಕ’ 3221. ದೇವನಾಗರಿಯ ‘ಕ’ 2325. ಕಳೆದರೆ 896. ‘ಮ’ ತೆಗೆದುಕೊಂಡರೂ ಅದೇ 896, ‘ಳ’ ತೆಗೆದುಕೊಂಡರೂ 896. ಭಾರತದ ಲಿಪಿಗಳಿಗೆಲ್ಲ ಮೊದಲು ಇಸ್ಕಿ ಎಂಬ ಒಂದೇ ನಕ್ಷೆ ಹಾಕಿದ್ದರು. ಯೂನಿಕೋಡ್ ಅದನ್ನೇ ಹಿಡಿಯಿತು. ಹಾಗಾಗಿ ಎರಡು ಲಿಪಿಗಳೂ ಒಂದೇ ಗೌಂಡಿ ಕಟ್ಟಿದ ಅವಳಿ ಮನೆಗಳಂತೆ ನಿಂತಿವೆ; ಇಲ್ಲಿ ದೇವರಮನೆ ಎಲ್ಲೋ ಅಲ್ಲೂ ಅಲ್ಲೇ. ಕನ್ನಡ ಮರಾಠಿಯ ನಡುವಿನ ಗಡಿ ಎಂದರೆ ಬರೇ 896 ಎಂದು ಹೆಂಡತಿಗೆ ಸಾರಿದೆ.

“ಭಾಳ ದೂರ ಏನಲ್ಲ ಬಿಡ್ರಿ” ಎಂದಳು. “ನಿಮ್ಮ ಉದಗೀರದ ಅಕ್ಕಗ ನಮ್ಮ ನಿಲಂಗಾದ ಅಣ್ಣಗ ಅದಕ್ಕಿಂತ ದೂರ ಅದ.”

ಅದು ನಿಜ. ಯಾವುದೋ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಯಾರಿಗೆ ಮೊದಲು ಬಡಿಸಿದರು ಎಂಬಲ್ಲಿಂದ ಹಿಡಿದು ಹದಿನೆಂಟು ವರ್ಷ ಮಾತಿಲ್ಲ. ಉದಗೀರದ ಭಾವ ಸಿಟ್ಟಿಗೆದ್ದರೆ ನೇರ 1760ಕ್ಕೆ ಹೋಗುತ್ತಾರೆ. ಸದಾಶಿವರಾವ್ ಭಾವೂ ನಿಜಾಮನ ಸೈನ್ಯವನ್ನು ಸೋಲಿಸಿದ ಊರಿನವರು ತಾವು ಎಂದು. ನಿಲಂಗಾದ ಮಾವನ ಮನೆಯವರು ಯುದ್ಧಕ್ಕೆ ಹೋಗುವುದಿಲ್ಲ, ಕಾಗದಕ್ಕೆ ಹೋಗುತ್ತಾರೆ. ಅವರ ಹೊಲದ ಹಳೆಯ ಕಾಗದದಲ್ಲಿ ಜಿಲ್ಲಾ ಬೀದರ್ ಎಂದಿದೆ. 1956ರ ನವೆಂಬರ್ 1ರಂದು ನಿಲಂಗಾ, ಉದಗೀರ, ಅಹಮದಪುರ ಮೂರೂ ತಾಲೂಕುಗಳನ್ನು ಬೀದರಿನಿಂದ ತೆಗೆದು ಉಸ್ಮಾನಾಬಾದಿಗೆ ಹಚ್ಚಿದರು. 1982ರಲ್ಲಿ ಅಲ್ಲಿಂದಲೂ ತೆಗೆದು ಲಾತೂರ್ ಎಂಬ ಹೊಸ ಜಿಲ್ಲೆ ಮಾಡಿದರು. ವಿಮ್‌ನಲ್ಲಿ ಡಿಡಿ ಎಂದರೆ ಸಾಲನ್ನು ಕತ್ತರಿಸುವುದು, ಪಿ ಎಂದರೆ ಬೇರೆ ಕಡೆ ಅಂಟಿಸುವುದು. ನನ್ನ ಮಾವನವರ ಹೊಲ ಒಂದು ಇಂಚೂ ಕದಲದೆ ಎರಡು ಸಲ ಡಿಡಿ, ಎರಡು ಸಲ ಪಿ ಕಂಡಿದೆ. ಡಿಡಿ ಹೊಡೆದ ಸಾಲು ಸಾಯುವುದಿಲ್ಲ, ರಿಜಿಸ್ಟರಿನಲ್ಲಿ ಕೂತಿರುತ್ತದೆ ಎಂದು ಅಳಿಯ ಹೇಳಿದಾಗ ನನಗೆ ಅರ್ಥವಾಗಲು ಉದಾಹರಣೆ ಬೇಕಾಗಲಿಲ್ಲ. ಆ ಮನೆಯಲ್ಲಿ ಇಂದಿಗೂ ಹೊಲದ ಲೆಕ್ಕವನ್ನು ಕನ್ನಡದಲ್ಲೇ ಎಣಿಸುತ್ತಾರೆ, ಮರಾಠಿಯಲ್ಲಿ ಬರೆಯುತ್ತಾರೆ.

ಇನ್ನು ನನ್ನ ಮಹಾಪರಾಧಕ್ಕೆ ಬರುತ್ತೇನೆ. ಯಾದಿ ಮುಗಿದಿತ್ತು: 412 ಸಾಲು, ಸಾಲಿಗೊಂದು ಲಕೋಟೆ. ಕೊನೆಯ ಸಲ ಓದೋಣವೆಂದು ಜೆ ಒತ್ತುತ್ತ ಇಳಿಯುತ್ತಿದ್ದೆ. ಯಾವಾಗಲೋ ಕ್ಯಾಪ್ಸ್‌ಲಾಕಿಗೆ ಬೆರಳು ತಾಗಿತ್ತು. ಸಣ್ಣ ಜೆ ಎಂದರೆ ಒಂದು ಸಾಲು ಕೆಳಗೆ. ದೊಡ್ಡ ಜೆ ಎಂದರೆ ಕೆಳಗಿನ ಸಾಲನ್ನು ಎತ್ತಿ ಈ ಸಾಲಿಗೇ ಜೋಡಿಸು. ಅಷ್ಟರಲ್ಲಿ ಲೈಟು ಹೋಯಿತು. ಹಳೆಯ ಬ್ಯಾಟರಿ ಒಂದು ಕ್ಷಣವೂ ಕಾಯಲಿಲ್ಲ.

ಲೈಟು ಬಂದ ಮೇಲೆ ವಿಮ್ ಒಂದು ಎಚ್ಚರಿಕೆ ಕೊಟ್ಟಿತು: ಸ್ವ್ಯಾಪ್ ಕಡತ ಸಿಕ್ಕಿದೆ, ಅದರಿಂದ ಉಳಿಸಿಕೊಳ್ಳಲೋ? ನಾವು ಸೇವ್ ಮಾಡದಿದ್ದರೂ ಅದು ಗುಟ್ಟಾಗಿ ಎಲ್ಲ ಬರೆದಿಟ್ಟುಕೊಳ್ಳುತ್ತದಂತೆ. ನಾನೇನೂ ಬೆರಗಾಗಲಿಲ್ಲ, ಹದಿನೆಂಟು ವರ್ಷದ ಹಿಂದಿನ ತುಪ್ಪದ ಚಮಚೆಯನ್ನೂ ಬಿಡದೆ ನೆನಪಿಟ್ಟವಳ ಜೊತೆ ಬಾಳುತ್ತಿದ್ದೇನೆ. ಉಳಿಸಿಕೋ ಎಂದೆ. ಅದು ನಿಷ್ಠೆಯಿಂದ ನನ್ನ ತಪ್ಪನ್ನೂ ಉಳಿಸಿಕೊಂಡಿತು.

“ಎಷ್ಟು ಲಕೋಟೆ?” ಹೆಂಡತಿ ಕೇಳಿದಳು.

“411.”

“ವಹಿಯಾಗ 412 ಅದ.”

“ಯಂತ್ರ ತಪ್ಪೋದಿಲ್ಲ. ನೀ ಯಾರನ್ನೋ ಎರಡು ಸಲ ಎಣಿಸೀದಿ” ಎಂದೆ. ಈ ವಾಕ್ಯಕ್ಕೆ ಯಾವ ಸಂಪಾದಕದಲ್ಲೂ ಯು ಇಲ್ಲ.

ಯಂತ್ರ ತಪ್ಪಿರಲಿಲ್ಲ, ಅಳಿಯನ ಸೆಟ್ಟಿಂಗುಗಳಲ್ಲಿ ‘ನೋರ‍್ಯಾಪ್’ ಕೂಡ ಇತ್ತು. ಅಂದರೆ ಉದ್ದ ಸಾಲು ಮಡಚಿಕೊಂಡು ಕೆಳಗೆ ಬರುವುದಿಲ್ಲ, ಪರದೆಯ ಬಲಗಡೆ ಆಚೆ ಹೋಗಿ ಅವಿತುಕೊಳ್ಳುತ್ತದೆ. ಮುದ್ರಣದವನು ಸಾಲಿನಲ್ಲಿದ್ದುದನ್ನೆಲ್ಲ ಅಚ್ಚೊತ್ತಿದ. ಹೀಗೆ ನಿಲಂಗಾದ ನನ್ನ ಹೆಂಡತಿಯ ಅಣ್ಣನ ಮನೆಗೆ ಒಂದು ಲಕೋಟೆ ಹೋಯಿತು. ಅದರ ಮೇಲೆ ಅವನ ಹೆಸರು, ಅದರ ಬೆನ್ನಿಗೇ ಉದಗೀರದ ಭಾವನ ಹೆಸರು, ಕೊನೆಗೆ ಇಬ್ಬರಿಗೂ ಸೇರಿ ‘ಸಹಕುಟುಂಬ’.

ಆಮೇಲಿನದನ್ನು ಅಕ್ಕ ಹೇಳಿದ್ದು. ಬೇರೆಯವರ ಕರೆಯೋಲೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಪಾಪ. ನಿಲಂಗಾದವನು ಎರಡು ದಿನ ತಾಳಿದ, ಮೂರನೆಯ ದಿನ ಬಸ್ಸು ಹತ್ತಿ ಉದಗೀರಕ್ಕೆ ಹೋದ, ಬಾಗಿಲಲ್ಲೇ ನಿಂತು ಲಕೋಟೆ ಚಾಚಿದ. ಭಾವ ಓದಿದರು. ಹದಿನೆಂಟು ವರ್ಷದ ಮೇಲೆ ಇಬ್ಬರೂ ಆಡಿದ ಮೊದಲ ಮಾತು ನನ್ನ ಬುದ್ಧಿಯ ಕುರಿತು. ಅದರಲ್ಲಿ ಭಿನ್ನಾಭಿಪ್ರಾಯವೇ ಇರಲಿಲ್ಲವಾದ್ದರಿಂದ ಒಳಗೆ ಕರೆದು ಚಹಾ ಕೊಟ್ಟರು. ಲಗ್ನಕ್ಕೆ ಎರಡೂ ಮನೆಯವರು ಒಂದೇ ಜೀಪಿನಲ್ಲಿ ಬಂದಿಳಿದರು. ಉದಗೀರದಿಂದ ಉಮರ್ಗಾದವರೆಗೆ ಮಾತಿಗೆ ವಿಷಯ ಒಂದೇ ಇತ್ತಂತೆ. ಇಳಿದವರು ಒಬ್ಬೊಬ್ಬರಾಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಊಟಕ್ಕೆ ಹೋದರು. ತುಪ್ಪ ಬಡಿಸಲು ನಾನು ಹೋಗಲಿಲ್ಲ.

ಮರುದಿನ ಹೆಂಡತಿ ಟ್ರಂಕು ತೆರೆದು ವಹಿ ತೆಗೆದು ಆಹೇರಿನ ಲೆಕ್ಕಕ್ಕೆ ಕೂತಳು. ನಾನು ಓದಿ ಹೇಳುತ್ತಿದ್ದೆ, ಅವಳು ಬರೆಯುತ್ತಿದ್ದಳು. ನಿಲಂಗಾದವರ ಸೀರೆ, ಉದಗೀರದವರ ಸ್ಟೀಲಿನ ಹಂಡೆ. ಬಗ್ಗಿ ನೋಡಿದರೆ ಎರಡನ್ನೂ ಒಂದೇ ಸಾಲಿನಲ್ಲಿ ಬರೆದಿದ್ದಾಳೆ.

“ಅವು ಬ್ಯಾರೆ ಬ್ಯಾರೆ ಸಾಲು ಅಲ್ಲೇನು?” ಎಂದೆ.

“ಹೂಂ” ಎಂದಳು, ಪೆನ್ನಿನ ಟೋಪಿ ಹಾಕುತ್ತ.

ಯಾವ ಮೋಡ್ ಎಂದು ನಾನು ಕೇಳಲಿಲ್ಲ.