ಸಂಡಿಗೆ ಕಾಯುವ ಹುದ್ದೆ

ಹಪ್ಪಳ ಸಂಡಿಗೆಗಳಿಗೆ ಹಿಂದಿನಿಂದಲೂ ಮೂರು ಶತ್ರುಗಳು: ಕಾಗೆ, ಮೋಡ ಮತ್ತು ಮನೆಯ ಮಕ್ಕಳು. ಕಾಗೆಗೆ ಕಪ್ಪು ಕೊಡೆ ಬಿಚ್ಚಿಟ್ಟರೆ ಸಾಕು. ಮೋಡ ಬಂದರೆ ಎತ್ತಿ ಒಳಗಿಟ್ಟುಕೊಳ್ಳಬಹುದು. ಮಕ್ಕಳಿಗೆ ಮಾತ್ರ ಇವತ್ತಿನವರೆಗೂ ಮದ್ದು ಸಿಕ್ಕಿಲ್ಲ. 2020ರ ಬೇಸಿಗೆಯಲ್ಲಿ ಈ ಪಟ್ಟಿಗೆ ನಾಲ್ಕನೆಯ ಶತ್ರುವೂ ಸೇರಿಕೊಂಡ. ಅವನೇ ಆಫೀಸಿಗೆ ಹೋಗದೆ ಮನೆಯಲ್ಲಿ ಉಳಿದ ಗಂಡಸು. ಮೈಸೂರಿನ ನಮ್ಮ ಮನೆಯಲ್ಲಿ ಆ ಸ್ಥಾನವನ್ನು ನಾನು ಅಲಂಕರಿಸಿದ್ದೆ.

ಆ ವರ್ಷ ಯುಗಾದಿ ಬಂದದ್ದು ಮಾರ್ಚ್ 25ಕ್ಕೆ. ಹಿಂದಿನ ರಾತ್ರಿ ಎಂಟು ಗಂಟೆಗೆ ಪ್ರಧಾನಿ ಟಿವಿಯಲ್ಲಿ ಕಾಣಿಸಿಕೊಂಡು, ನಡುರಾತ್ರಿಯಿಂದ 21 ದಿನ ಯಾರೂ ಮನೆ ಬಿಟ್ಟು ಹೊರಗೆ ಬರಬೇಡಿ ಎಂದರು. ಅಮ್ಮ ಕೇಳಿದ ಮೊದಲ ಪ್ರಶ್ನೆ, “ಬೇವಿನಸೊಪ್ಪು ತಂದಿದೀಯೇನೋ?” ತಂದಿದ್ದೆ. ಮಾವಿನೆಲೆಯೂ ಇತ್ತು. ಬೆಲ್ಲದ ಡಬ್ಬಿಯಲ್ಲಿ ಮಾತ್ರ ಉಳಿದದ್ದು ಒಂದು ಚೂರು. ಹೀಗಾಗಿ ಶಾರ್ವರಿ ಸಂವತ್ಸರವನ್ನು ನಾವು ಬೇವು ಜಾಸ್ತಿ, ಬೆಲ್ಲ ಕಮ್ಮಿ ಎಂಬ ಪ್ರಮಾಣದಲ್ಲೇ ಬರಮಾಡಿಕೊಂಡೆವು. ವರ್ಷಫಲ ತಿಳಿಯಲು ಬೇರೆ ಪಂಚಾಂಗ ಶ್ರವಣ ಬೇಕಾಗಲಿಲ್ಲ.

ಇಡೀ ದೇಶ ಬಾಗಿಲು ಹಾಕಿಕೊಂಡು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಅಮ್ಮನ ಲೆಕ್ಕ ಬೇರೆಯೇ ಇತ್ತು. ಚುರುಗುಡುವ ಬಿಸಿಲು, ಮನೆ ತುಂಬ ಆಳು, ಯಾರೂ ಎಲ್ಲಿಗೂ ಹೋಗುವ ಹಾಗಿಲ್ಲ. ಬೇರೆ ವರ್ಷಗಳಲ್ಲಾದರೆ ಒಂದು ಮದುವೆ, ಒಂದು ಮುಂಜಿ, ಒಂದು ಗೃಹಪ್ರವೇಶ ಅಂತ ಒಳ್ಳೊಳ್ಳೆಯ ಬಿಸಿಲೆಲ್ಲ ಛತ್ರದ ಊಟದಲ್ಲೇ ಕಳೆದುಹೋಗುತ್ತಿತ್ತು. ಈ ಸಲ ಮದುವೆಗಳೇ ಮುಂದಕ್ಕೆ ಹೋಗಿವೆ. ಇಂಥ ಯೋಗ ಮತ್ತೆ ಬರುವುದಿಲ್ಲ ಎಂದು ನಿಶ್ಚಯಿಸಿದ ಅಮ್ಮ, ಹಬ್ಬ ಕಳೆದ ಕೂಡಲೇ ಅಟ್ಟದ ಮೇಲಿದ್ದ ದೊಡ್ಡ ಬೇಸಿನ್ನನ್ನು ಇಳಿಸಿದಳು. ಅದರ ಜೊತೆಗೇ ಖಾತೆಗಳೂ ಹಂಚಿಕೆಯಾದವು. ಸೊಸೆಗೆ ರುಬ್ಬುವ ಖಾತೆ, ಮೊಮ್ಮಗಳಿಗೆ ಸಂಡಿಗೆ ಇಡುವ ಖಾತೆ, ನನಗೆ ಕಾಯುವ ಖಾತೆ. ಇಷ್ಟು ಬೇಗ, ಅತೃಪ್ತರೇ ಇಲ್ಲದ ಖಾತೆ ಹಂಚಿಕೆಯನ್ನು ಕರ್ನಾಟಕ ಕಂಡದ್ದು ಕಡಿಮೆ.

ಅರಳು ಸಂಡಿಗೆಯನ್ನು ಬಾಯಿಗೆ ಹಾಕಿಕೊಂಡರೆ ಕ್ಷಣದಲ್ಲಿ ಕರಗಿಹೋಗುತ್ತದೆ. ಆದರೆ ಅದು ಹುಟ್ಟಿಬರುವ ದಾರಿ ಬಲು ದೂರದ್ದು. ಭತ್ತದ ಅರಳನ್ನು ಮೊರದಲ್ಲಿ ಹರಡಿ ಒಂದೊಂದೇ ಹೊಟ್ಟು ಆರಿಸಬೇಕು. ಆಮೇಲೆ ನೀರಿನಲ್ಲಿ ಅದ್ದಿ ತಕ್ಷಣ ಹಿಂಡಬೇಕು. ಒಂದು ನಿಮಿಷ ಮೈಮರೆತರೆ ಗಂಜಿ. ಬೂದುಗುಂಬಳ ತುರಿದು, ಹಸಿಮೆಣಸಿನಕಾಯಿ, ಇಂಗು, ಉಪ್ಪು ರುಬ್ಬಿ ಸೇರಿಸಿ ಕಲಸಬೇಕು. ಉಪ್ಪು ನಾಲಿಗೆಗೆ ಸ್ವಲ್ಪ ಕಡಿಮೆ ಅನ್ನಿಸುವಷ್ಟೇ ಇರಬೇಕು, ಒಣಗಿದ ಮೇಲೆ ಅದು ಏರುತ್ತದೆ. “ಎಷ್ಟು ಚಮಚ ಅಜ್ಜಿ?” ಎಂದು ನನ್ನ ಮಗಳು ಮೊಬೈಲಿನಲ್ಲಿ ಬರೆದುಕೊಳ್ಳಲು ಕೂತಳು. ಅಮ್ಮ ತನ್ನ ಬಲಗೈಯನ್ನೇ ಮುಂದಕ್ಕೆ ಚಾಚಿ, “ಇಷ್ಟು” ಎಂದಳು. ಮಗಳು ಆ ಅಂಗೈಯ ಫೋಟೋ ತೆಗೆದಿಟ್ಟುಕೊಂಡಳು. ನಮ್ಮ ಮನೆಯ ಪಾಕವಿಧಾನ ಈಗಲೂ ಅದೊಂದೇ ಫೋಟೋ.

ನನ್ನ ಹುದ್ದೆಗೆ ಕೊಟ್ಟ ಸವಲತ್ತುಗಳೆಂದರೆ ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಕೋಲು ಮತ್ತು ನೀರಿನ ಟ್ಯಾಂಕಿನ ನೆರಳು. ತಾರಸಿಯಲ್ಲಿ ಮೊಬೈಲ್ ಸಿಗ್ನಲ್ ಚೆನ್ನಾಗಿ ಸಿಗುತ್ತಿದ್ದುದರಿಂದ ಆಫೀಸಿನ ಕೆಲಸವೂ ಅಲ್ಲಿಗೇ ಏರಿತು. ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಪಂಚೆ, ಕಾಲಬುಡದಲ್ಲಿ ಹಳೆಯ ಸೀರೆಯ ಮೇಲೆ ಸಾಲುಸಾಲು ಸಂಡಿಗೆ. ಪಕ್ಕದ ತಟ್ಟೆಯಲ್ಲಿ ಬಾಳಕದ ಮೆಣಸಿನಕಾಯಿ. ಅದರದು ಬಹಳ ಶಿಸ್ತಿನ ಜೀವನ: ರಾತ್ರಿಯೆಲ್ಲ ಉಪ್ಪು ಮಜ್ಜಿಗೆಯಲ್ಲಿ ನೆನೆಯುತ್ತದೆ, ಹಗಲೆಲ್ಲ ಒಣಗುತ್ತದೆ, ಸಂಜೆಯಾದರೆ ಮತ್ತೆ ಮಜ್ಜಿಗೆಗೆ ಹೋಗುತ್ತದೆ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಸಮಯಕ್ಕೆ ಸರಿಯಾಗಿ ಡ್ಯೂಟಿಗೆ ಹೋಗಿ ಬರುತ್ತಿದ್ದುದು ಅದೊಂದೇ.

ಅದೇ ತಾರಸಿಯ ತಂತಿಯ ಮೇಲೆ ತೊಳೆದ ನೋಟುಗಳೂ ಒಣಗುತ್ತಿದ್ದವು. ತರಕಾರಿಯವನು ಕೊಟ್ಟ ಚಿಲ್ಲರೆಯನ್ನು ನನ್ನ ಹೆಂಡತಿ ಸೋಪಿನ ನೀರಿನಲ್ಲಿ ಅದ್ದಿ, ಕ್ಲಿಪ್ಪು ಹಾಕಿ ನೇತುಬಿಡುತ್ತಿದ್ದಳು. ಹತ್ತು ರೂಪಾಯಿಯಿಂದ ಐನೂರರವರೆಗೆ ಎಲ್ಲವೂ ಕೈಗೆಟಕುವಂತೆ ತೂಗಾಡುತ್ತಿದ್ದರೂ ಕಾಗೆ ಆ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ಸಂಡಿಗೆಗೇ ಬಾಯಿ ಹಾಕಿತು. ಆ ಬೇಸಿಗೆಯಲ್ಲಿ ಯಾವುದಕ್ಕೆ ಎಷ್ಟು ಬೆಲೆ ಎಂಬುದು ಅದಕ್ಕೆ ನಮಗಿಂತ ಮೊದಲೇ ಗೊತ್ತಿತ್ತು.

ಏಪ್ರಿಲ್ ಮಧ್ಯದಲ್ಲಿ ಒಂದು ಮಧ್ಯಾಹ್ನ. ಬೆಂಗಳೂರಿನಿಂದ ನಮ್ಮ ಸಾಹೇಬರು ವೀಡಿಯೋ ಮೀಟಿಂಗಿನಲ್ಲಿ ಗಂಭೀರವಾಗಿ ವರದಿ ಓದುತ್ತಿದ್ದರು. ನನ್ನ ಕಡೆಯಿಂದ, “ಹುಶ್! ನಾಚಿಕೆ ಆಗಲ್ವಾ ನಿಂಗೆ? ಹೋಗಾಚೆ!” ಎಂಬ ಮಾತು ಮ್ಯೂಟಿನ ಅಡ್ಡಿಯಿಲ್ಲದೆ ಹೊರಟಿತು. ಸಾಹೇಬರು ಓದು ನಿಲ್ಲಿಸಿದರು.

“ಯಾರಿಗ್ರೀ ಹೇಳಿದ್ದು?”

“ಕಾಗೆಗೆ ಸಾರ್.”

ಅವರು ಮುಂದಿನ ಪ್ರಶ್ನೆ ಕೇಳುವಷ್ಟರಲ್ಲಿ ಕೆಳಗಿನಿಂದ ಅಮ್ಮನ ದನಿ ಬಂತು: “ಮೋಡ ಕಟ್ತಾ ಇದೆ ಕಣೋ! ಆ ಮೀಟಿಂಗು ಮನೆ ಹಾಳಾಗ್ಲಿ, ಮೊದ್ಲು ಸಂಡಿಗೆ ಎತ್ತೋ!” ಅಶ್ವಿನಿ ಮಳೆಯ ದಿನಗಳು. ಮಧ್ಯಾಹ್ನ ಮೂರರವರೆಗೆ ಸುಡುವ ಆಕಾಶ ನಾಲ್ಕಕ್ಕೆ ಗುಡುಗತೊಡಗುತ್ತದೆ. ಲ್ಯಾಪ್‌ಟಾಪನ್ನು ಕುರ್ಚಿಯ ಮೇಲೆ ಬಿಟ್ಟು ಸೀರೆಯ ಎರಡು ತುದಿ ನಾನು ಹಿಡಿದೆ, ಇನ್ನೆರಡು ತುದಿ ಮಗಳು ಹಿಡಿದಳು. ಗಾಯಾಳುವನ್ನು ಹೊತ್ತವರಂತೆ ಮೆಟ್ಟಿಲಿಳಿದೆವು. ಸಂಡಿಗೆ ಸುರಕ್ಷಿತವಾಗಿ ಒಳಸೇರಿದ ಮೇಲೆಯೇ ಲ್ಯಾಪ್‌ಟಾಪಿನ ನೆನಪಾದದ್ದು. ಮೀಟಿಂಗಿನಲ್ಲಿದ್ದವರೆಲ್ಲ ಅಷ್ಟು ಹೊತ್ತೂ ನಮ್ಮ ನೀರಿನ ಟ್ಯಾಂಕನ್ನೇ ನೋಡುತ್ತ ಕೂತಿದ್ದರಂತೆ.

ಸಂಜೆ ಸಾಹೇಬರ ಫೋನು ಬಂತು. ಮೆಮೋ ಕೈಗೆ ಬಂತೆಂದೇ ಎತ್ತಿಕೊಂಡೆ. ಅವರು ದನಿ ತಗ್ಗಿಸಿ ಕೇಳಿದರು, “ಅರಳು ಸಂಡಿಗೇನೋ, ಸಬ್ಬಕ್ಕಿ ಸಂಡಿಗೇನೋ?” ಅವರ ತಾಯಿ ಅರಸೀಕೆರೆಯಲ್ಲಿ, ಇವರು ಬೆಂಗಳೂರಿನಲ್ಲಿ ಎಷ್ಟನೆಯದೋ ಅಂತಸ್ತಿನ ಫ್ಲ್ಯಾಟಿನಲ್ಲಿ. ನಡುವೆ ಬಸ್ಸಿಲ್ಲ, ರೈಲಿಲ್ಲ. ಆಮೇಲಿನ ಮೀಟಿಂಗುಗಳೆಲ್ಲ ನಾಲ್ಕು ಗಂಟೆಗೆ ಮುಂಚೆಯೇ ಮುಗಿಯತೊಡಗಿದವು. ಕಾರಣ ನನಗೂ ಅವರಿಗೂ ಮಾತ್ರ ಗೊತ್ತು.

ಇನ್ನು ನಾಲ್ಕನೆಯ ಶತ್ರುವಿನ ವಿಷಯ. ಎರಡನೆಯ ದಿನದ ಬಿಸಿಲಿಗೆ ಸಂಡಿಗೆಯ ಮೇಲ್ಮೈ ಗರಿಗರಿಯಾಗಿ, ಒಳಗಿನ್ನೂ ಮೆತ್ತಗಿರುತ್ತದೆ. ಉಪ್ಪು, ಖಾರ, ಇಂಗು ಎಲ್ಲ ಆಗ ಹದವಾಗಿ ಕೂಡಿರುತ್ತವೆ. ಆ ಸ್ಥಿತಿಯಲ್ಲಿ ಒಂದನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುವ ಸುಖವನ್ನು ಕರಿದ ಸಂಡಿಗೆ ಕೊಡಲಾರದು. ಹಪ್ಪಳದ ಹಿಟ್ಟನ್ನು ಎಣ್ಣೆಯಲ್ಲಿ ಅದ್ದಿ ತಿನ್ನುವುದು ಇನ್ನೊಂದು ಸುಖ. ಹೊಟ್ಟೆ ನೋವು ಬರುತ್ತದೆಂಬ ಎಚ್ಚರಿಕೆ ತಲೆಮಾರುಗಳಿಂದ ಜಾರಿಯಲ್ಲಿದೆ. ತಿನ್ನುವುದೂ ಅಷ್ಟೇ ತಲೆಮಾರುಗಳಿಂದ ಜಾರಿಯಲ್ಲಿದೆ. ಸೀರೆಯ ಮೇಲೆ ಅಲ್ಲಲ್ಲಿ ಖಾಲಿ ಜಾಗ ಕಂಡ ಅಮ್ಮ, “ಈ ವರ್ಷ ಕಾಗೆಗಳು ಸಾಲು ಹಿಡಿದು ತಿಂತಾ ಇವೆ” ಎಂದಳು. ನಾನೂ ಮಗಳೂ ಕಾಗೆಗಳನ್ನು ಖಂಡಿಸಿದೆವು.

ತಾರಸಿಗೆ ಹತ್ತಿದ್ದು ನಾವಷ್ಟೇ ಅಲ್ಲ. ಮಾರ್ಚ್ 22ರ ಭಾನುವಾರ ಸಂಜೆ ಐದಕ್ಕೆ ತಟ್ಟೆ, ಜಾಗಟೆ ಬಾರಿಸಲು ಹತ್ತಿದ ಬೀದಿಯವರು, ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ದೀಪ ಹಚ್ಚಲು ಮತ್ತೆ ಹತ್ತಿ, ಇಳಿಯುವುದನ್ನೇ ಮರೆತುಬಿಟ್ಟರು. ಅಷ್ಟು ವರ್ಷ ಗೇಟಿನಲ್ಲಿ ತಲೆಯಾಡಿಸಿ ಸ್ಕೂಟರ್ ಏರುತ್ತಿದ್ದವರೆಲ್ಲ ಈಗ ಪ್ಯಾರಾಪೆಟ್ ಗೋಡೆಗೆ ಆತು ಹೊತ್ತುಗಟ್ಟಲೆ ಮಾತಾಡಿದರು. ಸರಕಾರ ಹೇಳಿದ ಅಂತರಕ್ಕೆ ತಾರಸಿಗಿಂತ ಒಳ್ಳೆಯ ಏರ್ಪಾಡಿಲ್ಲ. ಪಕ್ಕದ ಮನೆಯ ಗದಗದ ಅಜ್ಜಿ ನಮ್ಮ ಸೀರೆಯನ್ನು ಇಣುಕಿ ನೋಡಿ, “ಇದೇನ್ರೀ, ಬರೇ ಸಂಡಿಗಿ ಅಷ್ಟ ಹಾಕೀರಲ್ಲ, ಕುರಡಿಗಿ ಮಾಡೂದಿಲ್ಲೇನ್ರೀ?” ಎಂದು ಕನಿಕರಪಟ್ಟರು. ಗೋಧಿ ನೆನೆಹಾಕಿ ಹಾಲು ತೆಗೆದು ಮಾಡುವ ಆ ಕುರಡಿಗಿ ಮರುದಿನವೇ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ನಮ್ಮ ತಾರಸಿಗೆ ಬಂತು. ಹಿಂದಿನ ಮನೆಯ ಉಡುಪಿಯವರು ಹಲಸಿನ ಹಪ್ಪಳ ಕಳಿಸಿದರು. ನಮ್ಮ ಬಾಳಕ ಎರಡೂ ಕಡೆಗೆ ಹೋಯಿತು. ಇತಿಹಾಸದ ಪ್ರಕಾರ ಕನ್ನಡನಾಡು ಏಕೀಕರಣಗೊಂಡದ್ದು 1956ರ ನವೆಂಬರ್ 1ರಂದು. ನಮ್ಮ ಬೀದಿಯ ಮಟ್ಟಿಗೆ ಆ ಕೆಲಸ ಪೂರ್ತಿಯಾದದ್ದು 2020ರ ಏಪ್ರಿಲ್‌ನಲ್ಲಿ.

ಬಿಸಿಲಿಳಿದ ಮೇಲೆ ಕೆಳಗಿನ ಸುಖಗಳು ಶುರುವಾಗುತ್ತಿದ್ದವು. ಹೋಟೆಲುಗಳಲ್ಲಿ ಪಾರ್ಸಲ್ ಬಿಟ್ಟರೆ ಏನೂ ಇಲ್ಲವಾದ್ದರಿಂದ ಬೈಟೂ ಕಾಫಿ ಮನೆಗೆ ಬಂತು. ಒಂದು ಲೋಟ ಕಾಫಿಯನ್ನು ಇಬ್ಬರು ಹಂಚಿಕೊಳ್ಳುವುದು ಹೋಟೆಲಿನಲ್ಲಿ ಸ್ನೇಹ, ಮನೆಯಲ್ಲಿ ಕಾಫಿಪುಡಿ ಮುಗಿಯುತ್ತಿದೆ ಎಂಬುದರ ಸೂಚನೆ. ಮಗಳು ಆಗ ಜಗತ್ತೆಲ್ಲ ಮಾಡುತ್ತಿದ್ದ ಡಾಲ್ಗೋನಾ ಕಾಫಿಯನ್ನು ಕೈ ಸೋಲುವವರೆಗೂ ಕಡೆದು ತಂದುಕೊಟ್ಟಳು. ಅಮ್ಮ ಮೇಲಿನ ನೊರೆಯನ್ನು ಚಮಚದಲ್ಲಿ ಸರಿಸಿ, “ನೊರೆ ಚೆನ್ನಾಗಿದೆ ಪುಟ್ಟಿ, ಈಗ ಕಾಫಿ ಕೊಡು” ಎಂದಳು.

ಮಾರ್ಚ್ 28ರಿಂದ ದೂರದರ್ಶನದಲ್ಲಿ ರಮಾನಂದ ಸಾಗರರ ರಾಮಾಯಣ ಮತ್ತೆ ಶುರುವಾಗಿತ್ತು, ಬೆಳಿಗ್ಗೆ ಒಂಬತ್ತಕ್ಕೊಂದು, ರಾತ್ರಿ ಒಂಬತ್ತಕ್ಕೊಂದು. 1987ರಲ್ಲಿ ಅದು ಮೊದಲು ಬಂದಾಗ ಟಿವಿ ಇದ್ದವರ ಮನೆಯ ಹಾಲು ಚಪ್ಪಲಿ ಬಿಡಲೂ ಜಾಗವಿಲ್ಲದಂತೆ ತುಂಬುತ್ತಿತ್ತು. ಅಮ್ಮನಿಗೆ ಆಗಲೂ ಹಿಂದಿ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಆದರೂ ಕೈಕೇಯಿ ಬಾಯಿ ತೆರೆಯುವ ಮೊದಲೇ ಅವಳಿಗೆ ಉತ್ತರ ಕೊಟ್ಟುಬಿಡುತ್ತಿದ್ದಳು. ಹಾಸನದ ಚಿಕ್ಕಮ್ಮನಿಗೆ ಫೋನು ಮಾಡಿದರೆ ರಿಂಗಿಗೆ ಮುಂಚೆ ಸರಕಾರದ ಕೊರೊನಾ ಸಂದೇಶದ ಕೆಮ್ಮು ಕೇಳಿಸುತ್ತಿತ್ತು. “ಅಯ್ಯೋ, ಇವಳಿಗಿನ್ನೂ ವಾಸಿಯಾಗಿಲ್ಲ” ಎಂದು ಮರುಗಿ, ಆಚೆಯಿಂದ ಹಲೋ ಬಂದ ತಕ್ಷಣ ಮೆಣಸು, ಜೀರಿಗೆ, ಒಣಶುಂಠಿಯ ಕಷಾಯ ಹೇಳಿಕೊಡುತ್ತಿದ್ದಳು. ಚಿಕ್ಕಮ್ಮನ ಕಿವಿಗೂ ಅದೇ ಕೆಮ್ಮು ಬಿದ್ದು, ಅವರೂ ಅಕ್ಕನಿಗೆ ಅಮೃತಬಳ್ಳಿ ಸೂಚಿಸುತ್ತಿದ್ದರು. ಇಬ್ಬರೂ ಗಟ್ಟಿಮುಟ್ಟಾಗಿಯೇ ಇದ್ದರು. ಕೆಮ್ಮಿದ್ದು ದೂರಸಂಪರ್ಕ.

ಈ ಸುಖಗಳೆಲ್ಲ ಬಿಟ್ಟಿಯಾಗಿ ಬಂದವಲ್ಲ. ನಾವು ತಾರಸಿಯಲ್ಲಿ ಕಾಗೆ ಓಡಿಸುತ್ತಿದ್ದಾಗ ಗಂಟುಮೂಟೆ ಹೊತ್ತ ಕೂಲಿಯವರು ಹೆದ್ದಾರಿಗಳಲ್ಲಿ ಊರು ಸೇರಲು ನಡೆಯುತ್ತಿದ್ದರು. ಕೊಳ್ಳುವವರಿಲ್ಲದೆ ರೈತರು ಹೂವನ್ನು ತಿಪ್ಪೆಗೆ ಸುರಿಯುತ್ತಿದ್ದರು. ಆಶಾ ಕಾರ್ಯಕರ್ತೆಯರು ಮನೆಮನೆಯ ಬಾಗಿಲಲ್ಲಿ ನಿಂತು ಜ್ವರ ಇದೆಯಾ ಎಂದು ಕೇಳುತ್ತಿದ್ದರು. ನಮ್ಮ ಬೀದಿಯ ಪೌರಕಾರ್ಮಿಕ ಹೆಣ್ಣುಮಗಳಂತೂ ಒಂದು ದಿನವೂ ತಪ್ಪಿಸಲಿಲ್ಲ. ಅಮ್ಮ ಕಾಂಪೌಂಡಿನ ಮೇಲೆ ಲೋಟದಲ್ಲಿ ನೀರುಮಜ್ಜಿಗೆ ಇಟ್ಟಿರುತ್ತಿದ್ದಳು. ಒಮ್ಮೆ ಆಕೆ, “ಲೋಟ ತೊಳ್ದು ಮಡಗಿವ್ನಿ ಅಮ್ಮಾರೆ” ಎಂದಾಗ ಅಮ್ಮ, “ಬೀದಿ ತೊಳೆದಿದ್ದು ಸಾಲದೇನವ್ವಾ, ಲೋಟ ನನಗೆ ಬಿಡು” ಎಂದಳು. ಮೊದಲ ಘಾಣದ ಒಣಸಂಡಿಗೆಯಲ್ಲಿ ಒಂದು ಪೊಟ್ಟಣ ಆಕೆಗೆ ಹೋಯಿತು. ಅದರ ರುಚಿ ಹೇಗಿತ್ತೆಂದು ಕೇಳಿದ್ದಕ್ಕೆ, “ಉಪ್ಪು ಒಂದೀಟು ಮುಂದಾಗದೆ” ಎಂದು ಆಕೆ ಹೇಳಿದಳು. ನಾವ್ಯಾರೂ ಆಡಲು ಧೈರ್ಯ ಮಾಡದ ಮಾತು. ಅಮ್ಮ ಮುಂದಿನ ಘಾಣಕ್ಕೆ ಉಪ್ಪು ಕಡಿಮೆ ಮಾಡಿದಳು.

ಮೇ ಆರಂಭದಲ್ಲಿ ಕೇಂದ್ರದವರು ಜಿಲ್ಲೆಗಳಿಗೆ ಬಣ್ಣ ಹಚ್ಚಿದಾಗ ಕರ್ನಾಟಕದಲ್ಲಿ ಕೆಂಪು ವಲಯಕ್ಕೆ ಬಿದ್ದದ್ದು ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ ಮತ್ತು ಮೈಸೂರು. ಬೆಂಗಳೂರಿಗೆ ಸಮನಾಗಬೇಕೆಂಬ ಮೈಸೂರಿನವರ ಆಸೆ ಈ ರೀತಿಯಲ್ಲಿ ಈಡೇರಬಾರದಿತ್ತು. ಮೇ 19ರಿಂದ ಬಸ್ಸುಗಳು ಓಡಿದವು, ಕ್ಷೌರದಂಗಡಿಗಳು ತೆರೆದವು. ಅಷ್ಟರಲ್ಲಿ ನನ್ನ ಹೆಂಡತಿ ಅಡುಗೆಮನೆಯ ಕತ್ತರಿಯಿಂದ ನನ್ನ ತಲೆಯನ್ನು ಒಂದು ಹದಕ್ಕೆ ತಂದಿದ್ದಳು. ಅಂಗಡಿಯವನು ಅದನ್ನು ಸುತ್ತಲೂ ನೋಡಿ, ಏನೂ ಕೇಳದೆ ಪೂರ್ತಿ ಸಣ್ಣ ಮಾಡಿಬಿಟ್ಟ. ಸಂಡಿಗೆಯ ಒಂದು ಡಬ್ಬಿ ಬೆಂಗಳೂರಿನ ಬಸ್ಸು ಹತ್ತಿ ಸಾಹೇಬರ ಮನೆ ಸೇರಿತು.

ವರ್ಷಕ್ಕಾಗುವಷ್ಟು ಎಂದು ಅಮ್ಮ ಅಂದಾಜು ಮಾಡಿದ್ದ ದಾಸ್ತಾನು ದೀಪಾವಳಿಯ ಹೊತ್ತಿಗೆ ತಳ ಕಂಡಿತು. ಮಳೆಗಾಲದಲ್ಲೂ ಎಲ್ಲರೂ ಮನೆಯಲ್ಲೇ ಇರುತ್ತಾರೆಂಬುದು ಅವಳ ಲೆಕ್ಕದಲ್ಲಿ ಇರಲಿಲ್ಲ. ರೋಗ ಮುಗಿಯಲಿಲ್ಲ, ಸಂಡಿಗೆ ಮುಗಿಯಿತು. ಆದರೆ ಆ ಬೇಸಿಗೆಯಿಂದ ಒಂದು ತೀರ್ಮಾನ ನನ್ನಲ್ಲಿ ಉಳಿದಿದೆ. ಮನೆಯ ಸಣ್ಣ ಸುಖಗಳು ಸುಮ್ಮನೆ ಕೂತವರಿಗೆ ಒದಗುವುದಿಲ್ಲ. ಯಾರೋ ಬೆಳಿಗ್ಗೆ ಎದ್ದು ನೆನೆಹಾಕಿ, ಹಿಂಡಿ, ಬಿಸಿಲಿಗೆ ಹರವಿರಬೇಕು. ಆದ್ದರಿಂದ ಓದುಗರಲ್ಲಿ ನನ್ನದೊಂದು ಸಣ್ಣ ವಿನಂತಿ. ನಿಮ್ಮ ಮನೆಯಲ್ಲಿ ಈ ಬೇಸಿಗೆ ಯಾರಾದರೂ ಅರಳು ಆರಿಸಲು ಕೂತರೆ ನೀವೂ ಮೊರದ ಪಕ್ಕ ಕೂತುಕೊಳ್ಳಿ. ಕಾಯುವ ಕೆಲಸ ಸಿಕ್ಕರೆ ಬೇಡವೆನ್ನಬೇಡಿ. ಮೋಡ ಕಂಡರೆ ಮೊದಲು ಸಂಡಿಗೆ ಎತ್ತಿ, ಮೀಟಿಂಗು ಆಮೇಲೆ. ಅರೆ ಒಣಗಿದ್ದನ್ನು ತಿನ್ನುವುದಾದರೆ ಸಾಲಿನ ನಡುವೆ ಕೈ ಹಾಕದೆ ಅಂಚಿನಿಂದ ತಿನ್ನಿ. ಕಾಗೆಗಳು ಹಾಗೆಯೇ ಮಾಡುತ್ತವೆ.